ಆಲ್-ಸ್ಟಾರ್ ಪಂದ್ಯಕ್ಕೆ ಕನ್ನಡದಲ್ಲಿ ಏನೆನ್ನಬೇಕು? (ತುರ್ತು)

ಟೊರಾಂಟೊದಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಗ್ರಂಥಾಲಯವೊಂದರಲ್ಲಿ ಊರಿನ ಹಳೆಯ ಆಟಗಳ ಚಿತ್ರಪ್ರದರ್ಶನವಿದೆ. ಅಡಿಬರಹಗಳು ಹಲವು ಭಾಷೆಗಳಲ್ಲಿರುತ್ತವೆ. ಕನ್ನಡದ್ದು ನನ್ನ ಪಾಲಿಗೆ ಬಂದಿದೆ. ನಾಳೆ ಸಂಜೆಯೊಳಗೆ ಕೊಡಬೇಕು. ಒಂದೇ ಸಾಲು, ಅದಕ್ಕಿಂತ ಹೆಚ್ಚು ಜಾಗವಿಲ್ಲ.

ಚಿತ್ರ 1934ರ ಫೆಬ್ರುವರಿ 14ರದು, ಮಂಜುಗಡ್ಡೆಯ ಮೇಲಿನ ಹಾಕಿ ಆಡುವ ಮೇಪಲ್ ಲೀಫ್ ಗಾರ್ಡನ್ಸ್ ಅಂಗಳದ್ದು. ಕೋಟು ತೊಟ್ಟು ನಿಂತವರು ಟೊರಾಂಟೊದ ಏಸ್ ಬೆಯ್ಲಿ. ಆಟದ ಉಡುಪಿನಲ್ಲಿ ಅವರ ಕೈ ಹಿಡಿದವರು ಬಾಸ್ಟನ್ನಿನ ಎಡ್ಡಿ ಶೋರ್. ಎರಡು ತಿಂಗಳ ಹಿಂದೆ, 1933ರ ಡಿಸೆಂಬರ್ 12ರಂದು, ಇದೇ ಶೋರ್ ಹಿಂದಿನಿಂದ ಬಂದು ಗುದ್ದಿದಾಗ ಬೆಯ್ಲಿಯ ತಲೆ ಮಂಜುಗಡ್ಡೆಗೆ ಬಡಿದು ಬುರುಡೆ ಬಿರಿದಿತ್ತು. ಜೀವ ಉಳಿಯಿತು, ಆಟ ಅಲ್ಲಿಗೇ ಮುಗಿಯಿತು. ಶೋರ್‌ಗೆ 16 ಪಂದ್ಯಗಳ ನಿಷೇಧ. ಬೆಯ್ಲಿ ಕುಟುಂಬಕ್ಕೆಂದು ಈ ಪಂದ್ಯ ಏರ್ಪಾಡಾಯಿತು: ಒಂದು ಕಡೆ ಟೊರಾಂಟೊ ಮೇಪಲ್ ಲೀಫ್ಸ್, ಇನ್ನೊಂದು ಕಡೆ ರಾಷ್ಟ್ರೀಯ ಹಾಕಿ ಲೀಗಿನ ಉಳಿದ ತಂಡಗಳಿಂದ ಆಯ್ದವರು, ಅಂದರೆ 'ಆಲ್-ಸ್ಟಾರ್' ತಂಡ. ಟೊರಾಂಟೊ 7–3ರಿಂದ ಗೆದ್ದಿತು. 20,000 ಡಾಲರಿಗೂ ಮಿಕ್ಕಿ ಹಣ ಕೂಡಿತು.

ಈ 'ಆಲ್-ಸ್ಟಾರ್' ಎಂಬುದಕ್ಕೆ ಏನು ಬರೆಯಲಿ? 'ಸರ್ವತಾರಾ ಪಂದ್ಯ' ಎಂದು ಬರೆದು ನೋಡಿದೆ, ಜ್ಯೋತಿಷ್ಯದ ಪುಸ್ತಕದಂತೆ ಕಂಡಿತು. ಇನ್ನೊಂದು ತೊಡಕು: 'ಐಸ್ ಹಾಕಿ' ಎಂದು ಬರೆದದ್ದನ್ನು ನನ್ನ ತಾಯಿ ಓದಿ, "ಯಾವುದಕ್ಕೆ ಹಾಕಬೇಕು?" ಎಂದು ಕೇಳಿದರು.

ಧಾರವಾಡದಿಂದ:

ಚುಕ್ಕಿ ಎಂಬ ಪದವನ್ನು ಮರೆತಿರಾ? ಚುಕ್ಕಿ ತಂಡ, ಚುಕ್ಕಿಯಾಟ. ಹಳಗನ್ನಡ ಬೇಕಿದ್ದರೆ 'ಅರಿಲ್' ಇದೆ. ತಾರೆ ಬೇಡ. 'ತಾರಾತಂಡ' ಎಂದರಂತೂ ಸಂಸ್ಕೃತಕ್ಕೆ ಕನ್ನಡ ಅಂಟಿಸಿದ ಅರಿಸಮಾಸ.

ಮೈಸೂರಿನಿಂದ:

ಚುಕ್ಕಿ ತಂಡ ಎಂದರೆ ನಮ್ಮ ಕಡೆ ದಡಾರ ಎದ್ದವರ ತಂಡ. ಇಲ್ಲಿ ಚುಕ್ಕಿ ರಂಗೋಲಿಯಲ್ಲಿದೆ, ಕಳಿತ ಬಾಳೆಹಣ್ಣಿನ ಮೇಲಿದೆ, ಜಿಂಕೆಯ ಬೆನ್ನ ಮೇಲಿದೆ. ಅರಿಸಮಾಸಕ್ಕೆ ಅಂಜುವವರು ರೈಲುನಿಲ್ದಾಣದಲ್ಲಿ ಇಳಿಯಲೇಬಾರದು.

ಇನ್ನೊಂದು ಮಾತು. ಸ್ಟಾರ್ ಬೇಡ, ತಾರೆ ಇರಲಿ ಎನ್ನುವವರಿಗೆ ತಿಳಿದಿರಲಿ, ಅವೆರಡೂ ಒಂದೇ ಬೇರಿನವು. ವೇದದಲ್ಲಿ 'ಸ್ತೃಭಿಃ' ಎಂಬ ರೂಪವಿದೆ. ಆ ಮೊದಲಿನ ಸಕಾರ ಉದುರಿ ತಾರಾ ಆಯಿತು. ಗ್ರೀಕರ 'ಆಸ್ಟೆರ್' ಕೂಡ ಅದೇ ಮನೆಯದು. ದೊಡ್ಡಪ್ಪನ ಮಗಳನ್ನು ಒಳಗೆ ಕರೆದು ಚಿಕ್ಕಪ್ಪನ ಮಗಳಿಗೆ ಬಾಗಿಲು ಹಾಕುವುದು ಯಾವ ನ್ಯಾಯ? 'ಸ್ಟಾರ್' ಎಂದೇ ಬರೆಯಿರಿ.

ಧಾರವಾಡದಿಂದ:

ಇಬ್ಬರೂ ಹೊರಗಿನವರೇ ಎಂಬುದನ್ನು ತಾವೇ ಒಪ್ಪಿಕೊಂಡಂತಾಯಿತು. ಸಂತೋಷ.

ಮಡಿಕೇರಿಯಿಂದ:

'ಐಸ್ ಹಾಕಿ'ಯ ಬಗ್ಗೆ ಮಾತ್ರ ಹೇಳುತ್ತೇನೆ. ಕೆನಡಾದವರ ಬಾಯಲ್ಲಿ ಬರಿಯ ಹಾಕಿ ಎಂದರೆ ಮಂಜುಗಡ್ಡೆಯದೇ, ಹುಲ್ಲಿನ ಮೇಲಿನದಕ್ಕೆ ಅವರು ವಿಶೇಷಣ ಸೇರಿಸುತ್ತಾರೆ. ನಮ್ಮಲ್ಲಿ ಅದು ತಿರುಗುಮುರುಗು. ಚಿತ್ರದಲ್ಲಿ ಮಂಜುಗಡ್ಡೆ ಕಾಣುತ್ತಿರುವಾಗ 'ಹಾಕಿ' ಎಂದಷ್ಟೇ ಬರೆದರೆ ಸಾಕು. ಇನ್ನು ಪದ ಕಟ್ಟುವ ಮಾತಿಗೆ ಬಂದರೆ, 1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಪಾಂಡಂಡ ಮನೆತನದವರು ಕುಟುಂಬ ತಂಡಗಳ ಟೂರ್ನಿ ಆರಂಭಿಸಿದಾಗ ಅದು 'ಹಾಕಿ ಹಬ್ಬ' ಆಯಿತು. ಹಾಕಿ ಇಂಗ್ಲಿಷರದು, ಹಬ್ಬ ನಮ್ಮದು. ಅರಿಸಮಾಸವೆಂದು ಯಾರೂ ಊಟ ಬಿಟ್ಟು ಏಳಲಿಲ್ಲ.

ಶಿವಮೊಗ್ಗದಿಂದ:

ಎಲ್ಲರೂ 'ಸ್ಟಾರ್' ಹಿಡಿದು ಜಗ್ಗುತ್ತಿದ್ದೀರಿ, 'ಆಲ್' ಅನ್ನು ಯಾರೂ ಕೇಳುತ್ತಿಲ್ಲ. ಸರ್ವಪಕ್ಷ ಸಭೆ ಎಂದರೆ ಯಾವ ಪಕ್ಷವೂ ಬಿಟ್ಟುಹೋಗಿಲ್ಲ ಎಂದರ್ಥ. ಆ ಲೆಕ್ಕದಲ್ಲಿ ಸರ್ವತಾರಾ ಎಂದರೆ ಯಾವ ತಾರೆಯೂ ಬಿಟ್ಟುಹೋಗಿರಬಾರದು. ಆದರೆ ಚಾರ್ಲಿ ಕೊನಾಕರ್, ಜೋ ಪ್ರಿಮೊ, ಬುಷರ್ ಜಾಕ್ಸನ್ ಮೂವರೂ ಅಂದು ಟೊರಾಂಟೊ ಪಾಳೆಯದಲ್ಲೇ ಇದ್ದರು. ಅವರಿಗಿಂತ ದೊಡ್ಡ ತಾರೆಯರು ಬೇಕೆ? ಎದುರಿಗೆ ಹೋವಿ ಮೊರೆಂಜ್, ಶೋರ್ ಮುಂತಾದವರಿದ್ದರು, ನಿಜ. ಅವರು 'ಎಲ್ಲ'ರಲ್ಲ, 'ಇತರರು'. ಇರಾನಿ ಕಪ್ ಸುದ್ದಿ ಓದುವವರಿಗೆ ಇದು ಹೊಸತೇನಲ್ಲ. ರಣಜಿ ಗೆದ್ದವರ ಎದುರು ಆಡುವುದು 'ಭಾರತ ಇತರರ ತಂಡ'. ಅಚ್ಚರಿಯೆಂದರೆ 1947ರ ಅಕ್ಟೋಬರ್ 13ರಂದು ಅದೇ ಅಂಗಳದಲ್ಲಿ ವಾರ್ಷಿಕ ಆಲ್-ಸ್ಟಾರ್ ಪಂದ್ಯಗಳು ಶುರುವಾದದ್ದೂ ಇದೇ ಬಗೆಯಲ್ಲಿ: ಲೀಗಿನ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಗೆದ್ದವರು ಒಂದು ಕಡೆ, ಉಳಿದವರಲ್ಲಿ ಆಯ್ದವರು ಇನ್ನೊಂದು ಕಡೆ. ಆ ಸಲ ಆಯ್ದವರೇ 4–3ರಿಂದ ಗೆದ್ದರು.

ಎರವಲು ಪದದ ಜಗಳ ಆಡುವವರು ಇನ್ನೊಂದನ್ನು ಗಮನಿಸಬೇಕು. ಪದ ಹೊರಗಿನದು ಎಂದು ಗಡಿಯಲ್ಲಿ ತಡೆಯುತ್ತೀರಿ, ರೂಪಕವನ್ನು ಮಾತ್ರ ಬುತ್ತಿಯಲ್ಲಿಟ್ಟು ದಾಟಿಸುತ್ತೀರಿ. ಹೆಸರಾಂತ ಆಟಗಾರನನ್ನು ಆಕಾಶಕ್ಕೇರಿಸುವ ಚಾಳಿ ನಮಗೆ ಸಿನಿಮಾದಿಂದ ಬಂದದ್ದು. ಚುಕ್ಕಿ ಎಂದು ಬರೆದರೂ ಅದು ಇಂಗ್ಲಿಷೇ. ಕನ್ನಡದಲ್ಲಿ ಯೋಚಿಸಿದವನು ಹುರಿಯಾಳು ಎನ್ನುತ್ತಿದ್ದ.

ಮೈಸೂರಿನಿಂದ:

ಹುರಿಯಾಳು ಈಗ ಚುನಾವಣೆಗೆ ನಿಂತಿದ್ದಾನೆ. ಅವನನ್ನು ಅಲ್ಲೇ ಬಿಡಿ. ಸಿನಿಮಾದಿಂದ ಬಂದ ರೂಪಕ ಕನ್ನಡದ್ದಲ್ಲ ಎಂದಾದರೆ ಪತ್ರಿಕೆಯ ಅರ್ಧ ಪುಟ ಖಾಲಿ ಬಿಡಬೇಕಾಗುತ್ತದೆ.

ಧಾರವಾಡದಿಂದ:

ಬಿಡಿ. ಓದುಗರಿಗೆ ಉಪಕಾರವಾದೀತು.

ಟೊರಾಂಟೊದಿಂದ:

ಹಿರಿಯರೇ, ಮುದ್ರಕರ ಫೋನು ಬಂದಾಯಿತು. ಶಿವಮೊಗ್ಗದವರ ಮಾತು ಓದಿ ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಪಂದ್ಯಕ್ಕೆ ಮುಂಚೆ ಎದುರು ತಂಡದವರಿಗೆ ಉಡುಪು ಹಂಚಿದವರಲ್ಲಿ ಬೆಯ್ಲಿಯೂ ಇದ್ದರು. ಶೋರ್ ಮುಂದೆ ಬಂದಾಗ ಅಂಗಳವೆಲ್ಲ ಸುಮ್ಮನಾಗಿ, ಕೈ ಕುಲುಕಿದ ಮೇಲೆ ಭೋರ್ಗರೆಯಿತಂತೆ. ಬೆಯ್ಲಿ ತೊಡುತ್ತಿದ್ದ 6ನೇ ಸಂಖ್ಯೆಯನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ತಂಡ ಸಾರಿತು. ಆ ಲೀಗಿನಲ್ಲಿ ಹಾಗೆ ತೆಗೆದಿಟ್ಟ ಮೊದಲ ಸಂಖ್ಯೆ ಅದು. ಇದರಲ್ಲಿ ತಾರೆಗಳ ಮಾತೆಲ್ಲಿದೆ? ನನ್ನ ಅಜ್ಜ ನಾಟಕ ಕಂಪನಿಯ ಗೋಡೆಪತ್ರಗಳನ್ನು ಒಂದು ಟ್ರಂಕಿನಲ್ಲಿ ಇಟ್ಟಿದ್ದರು. ನಟನೊಬ್ಬ ಕಾಯಿಲೆ ಬಿದ್ದರೆ ಕೆಂಪು ಅಕ್ಷರದಲ್ಲಿ ಆತನ ಹೆಸರು, ಅದರ ಪಕ್ಕದಲ್ಲೇ 'ಸಹಾಯಾರ್ಥ'. ಅದನ್ನೇ ತೆಗೆದುಕೊಂಡೆ:

'ಬೆಯ್ಲಿ ಸಹಾಯಾರ್ಥ ಹಾಕಿ ಪಂದ್ಯ: ಟೊರಾಂಟೊ ಮತ್ತು ಆಯ್ದ ಇತರರು, 1934.'

ಕಳುಹಿಸಿಬಿಟ್ಟಿದ್ದೇನೆ. ಎಲ್ಲರಿಗೂ ಕೃತಜ್ಞ.

ಧಾರವಾಡದಿಂದ:

ಸಹಾಯಾರ್ಥ ಸಂಸ್ಕೃತ. ನೆರವಿನಾಟ ಎನ್ನಬಹುದಿತ್ತು. ಒಂದು ಗಂಟೆ ಕಾಯಲಾಗಲಿಲ್ಲವೇ?