ವಾಟ್ಸಾಪ್‌ನಲ್ಲಿ ಫೋಟೋ ನೋಡಿದ ಮೇಲೆ ಕಳ್ಳನ ಮುಖವೇ ಕಲಸಿಹೋಗಿದೆ, ಪರೇಡ್‌ಗೆ ಹೋಗಿ ಏನು ಹೇಳಲಿ?

ಬ್ಲೌಸ್ ಅಂಗಡಿ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ಗವಿಮಠದ ಕಡೆ ಹೋಗುವ ರಸ್ತೆಯಲ್ಲಿ ಹದಿನೆಂಟು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಹೋದ ತಿಂಗಳು ರಾತ್ರಿ ಎಂಟೂವರೆಗೆ ಶೆಟರ್ ಎಳೆಯುವಾಗ ಬೈಕಿನಲ್ಲಿ ಇಬ್ಬರು ಬಂದರು. ಹಿಂದೆ ಕೂತವನು ಇಳಿದು ಬಂದು ಮದುವೆ ಕಾರ್ಡ್ ಹಿಡಿದು, "ಅಕ್ಕಾರ, ಈ ಕಲ್ಯಾಣ ಮಂಟಪ ಎಲ್ಲಿ ಬರ್ತದ್ರಿ?" ಅಂದ. ನಾನು ಓದೋಕೆ ಬಗ್ಗಿದೆ. ಕಾರ್ಡಿನ ಕೆಳಗೆ ಚಾಕು ಇತ್ತು. ನಮ್ಮ ಅತ್ತೆ ಕೊಟ್ಟ ಎರಡು ತೊಲೆ ಬೋರಮಾಳ ಸರ ಹೋಯಿತು. ಎಲ್ಲಾ ಸೇರಿ ಅರ್ಧ ನಿಮಿಷವೂ ಆಗಿರಲಿಲ್ಲ.

ಮೂರನೇ ದಿನ ಓಣಿಯ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂತು. ಬೇರೆ ಊರಲ್ಲಿ ಸಿಕ್ಕಿಬಿದ್ದ ಸರಗಳ್ಳನಂತೆ. ಪಕ್ಕದ ಮನೆ ಹುಡುಗ ಓಡಿ ಬಂದು "ಆಂಟಿ, ಇವನೇ ಅಲ್ವಾ?" ಅಂದ. "ಇರಬಹುದು" ಅಂದೆ. ಸಂಜೆಗೆ ಇಡೀ ಓಣಿಗೆ "ಆಂಟಿ ನೋಡಿದ ತಕ್ಷಣ ಗುರುತು ಹಿಡಿದರು" ಅಂತ ಸುದ್ದಿ. ನಾನೂ ಆ ಫೋಟೋವನ್ನು ದಿನಕ್ಕೆ ಹತ್ತು ಸಲ ನೋಡಿದ್ದೇನೆ, ಸುಳ್ಳು ಹೇಳಲ್ಲ.

ಈಗ ಜೈಲಿನಲ್ಲಿ ಐಡೆಂಟಿಫಿಕೇಷನ್ ಪರೇಡ್ ಇದೆ, ಸಾಲಿನಲ್ಲಿ ನಿಂತವರಲ್ಲಿ ಕಳ್ಳ ಯಾರು ಅಂತ ಗುರುತಿಸಬೇಕು, ಸೋಮವಾರ ಬನ್ನಿ ಅಂತ ಕರೆ ಬಂದಿದೆ. ಕಣ್ಣು ಮುಚ್ಚಿದರೆ ಒಂದು ಮುಖ ಚೆನ್ನಾಗೇ ಬರುತ್ತದೆ. ಆದರೆ ಅದು ಅಂಗಡಿ ಮುಂದೆ ನಿಂತವನದೋ ಮೊಬೈಲಿನದೋ ತಿಳೀತಿಲ್ಲ. ನಿಜವಾಗಿ ನೆನಪಿರುವುದು ಅವನ ತೋಳಿನ ಕಫ್. ನೀಲಿ ಶರ್ಟು. ಗುಂಡಿ ಬಿದ್ದುಹೋಗಿ ಯಾರೋ ಕೆಂಪು ದಾರದಲ್ಲಿ ಮತ್ತೆ ಹಚ್ಚಿದ್ದರು, ಅದೂ ಅಡ್ಡಾದಿಡ್ಡಿ. ಬ್ಲೌಸ್ ಹೊಲಿಯುವವಳ ಕಣ್ಣು ಅಲ್ಲಿಗೇ ಹೋಯಿತು ನೋಡಿ. ತಲೆ ಕೆಟ್ಟಿದೆಯಾ ನನಗೆ?

ಖಾರಮಂಡಕ್ಕಿ

ಸುಮ್ನೆ ಜಾಸ್ತಿ ಯೋಚನೆ ಮಾಡ್ತಿದ್ದೀರಿ ಅಕ್ಕಾ. ಕುತ್ತಿಗೆಗೆ ಕೈ ಹಾಕಿದವನ ಮುಖ ಜನ್ಮದಲ್ಲಿ ಮರೆಯೋಕೆ ಆಗುತ್ತಾ? ಎದುರಿಗೆ ನಿಂತರೆ ಮೈ ಜುಮ್ ಅನ್ನುತ್ತದೆ, ಅವನೇ ಅಂತ ಗೊತ್ತಾಗುತ್ತದೆ. ಕೈ ತೋರಿಸಿ ಬನ್ನಿ.

ಸ್ಟುಡಿಯೋ, ಗಂಗಾವತಿ

ಮಂಡಕ್ಕಿಯವರೆ, ಹಾಗೆ ಹೇಳಬೇಡಿ. ಇಪ್ಪತ್ತೆರಡು ವರ್ಷದಿಂದ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆದು ಹೊಟ್ಟೆ ಹೊರೆಯುತ್ತಿದ್ದೇನೆ, ಮುಖ ನೋಡೋದೇ ನನ್ನ ಕೆಲಸ. ಒಮ್ಮೆ ಕವರ್ ಅದಲುಬದಲಾಗಿ ಒಬ್ಬರಿಗೆ ಇನ್ನೊಬ್ಬರ ಎಂಟು ಫೋಟೋ ಕೊಟ್ಟೆ. ಎದುರಿಗೇ ನಿಂತಿದ್ದರು, ನನಗೆ ಗೊತ್ತಾಗಲಿಲ್ಲ. ಅವರೂ ಒಂದು ಸಲ ಕಣ್ಣಾಡಿಸಿ ಜೇಬಿಗೆ ಹಾಕಿಕೊಂಡು ಹೋದರು. ಮನೆಯಲ್ಲಿ ಹೆಂಡತಿ ನೋಡಿ "ಇದ್ಯಾರ್ರಿ?" ಅಂದಾಗಲೇ ವಾಪಸ್ ಬಂದದ್ದು! ಗೊತ್ತಿರುವ ಮುಖ ಬೇರೆ, ಗೊತ್ತಿಲ್ಲದ ಮುಖ ಬೇರೆ.

ಮನಶ್ಶಾಸ್ತ್ರ ಪಾಠ ಮಾಡುವವಳು, ಬಳ್ಳಾರಿ

ಸ್ಟುಡಿಯೋದವರು ಹೇಳಿದ್ದೇ ಈ ವಿಷಯದ ತಿರುಳು. 2011ರಲ್ಲಿ ಬ್ರಿಟನ್ನಿನಲ್ಲಿ ರಾಬ್ ಜೆಂಕಿನ್ಸ್ ಮತ್ತು ಜೊತೆಯವರು ಒಂದು ಪ್ರಯೋಗ ಮಾಡಿದರು. 40 ಫೋಟೋ ಕೊಟ್ಟು, ಒಬ್ಬೊಬ್ಬರದನ್ನೂ ಬೇರೆ ಬೇರೆ ಗುಡ್ಡೆ ಮಾಡಿ ಅಂದರು. ನಿಜಕ್ಕೂ ಇದ್ದದ್ದು ಇಬ್ಬರೇ ಹೆಂಗಸರು, ನೆದರ್‌ಲೆಂಡ್ಸ್‌ನಲ್ಲಿ ಹೆಸರಾದವರು, ತಲಾ 20 ಫೋಟೋ. ಬ್ರಿಟನ್ನಿನವರಿಗೆ ಅವರ ಪರಿಚಯವಿಲ್ಲ. ಏಳೆಂಟು, ಒಂಬತ್ತು ಗುಡ್ಡೆ ಮಾಡಿದರು. ಅದೇ ಫೋಟೋಗಳನ್ನು ನೆದರ್‌ಲೆಂಡ್ಸ್‌ನವರಿಗೆ ಕೊಟ್ಟರೆ ಸಲೀಸಾಗಿ ಎರಡು ಗುಡ್ಡೆ. ಅವರ ಕಣ್ಣೇನೂ ಚುರುಕಲ್ಲ, ಆ ಮುಖಗಳ ಬಳಕೆ ಇತ್ತು, ಅಷ್ಟೇ. ನಿಮ್ಮ ಗಿರಾಕಿ ಜಾತ್ರೆಯ ಜನಜಂಗುಳಿಯಲ್ಲಿ ಎದುರಾದರೂ ಹೆಸರಿಟ್ಟು ಕರೀತೀರಿ, ಅಲ್ವಾ? ಅದೇ ಕಣ್ಣು ಒಂದೇ ಸಲ ನೋಡಿದ ಮುಖದ ಹತ್ತಿರ ಸೋಲುತ್ತದೆ.

ನಿಮ್ಮ ತಲೆ ಕೆಟ್ಟಿಲ್ಲ ಅಕ್ಕಾ. ಚಾಕು ಕಂಡರೆ ಕಣ್ಣು ಚಾಕುವಿಗೇ ಅಂಟಿಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಜೊತೆಯವರು 1987ರಲ್ಲಿ ನೋಡುವವರ ಕಣ್ಣು ಎತ್ತ ಹೋಗುತ್ತದೆ ಅಂತ ಅಳೆದೇ ತೋರಿಸಿದ್ದಾರೆ. ಚಾಕುವಿನ ಪಕ್ಕದಲ್ಲೇ ಕಫ್ ಇತ್ತು, ಅದು ಉಳಿಯಿತು. ಮುಖ ಮೇಲೆಲ್ಲೋ ಇತ್ತು.

ಫೋಟೋಗಿಂತ ನನಗೆ ಜಾಸ್ತಿ ಭಯ "ಆಂಟಿ ತಕ್ಷಣ ಗುರುತು ಹಿಡಿದರು" ಅನ್ನುವ ಮಾತಿನದು. 1998ರಲ್ಲಿ ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ ಜನರಿಗೆ ಒಬ್ಬ ಬಂದೂಕುಧಾರಿಯ ವಿಡಿಯೋ ತೋರಿಸಿ, ಆಮೇಲೆ ಅವನೇ ಇಲ್ಲದ ಫೋಟೋ ಸಾಲು ಕೊಟ್ಟರು. ಎಲ್ಲರೂ ಯಾರೋ ಒಬ್ಬರನ್ನು ಆರಿಸಿದರು. ಎಲ್ಲರದೂ ತಪ್ಪೇ. ಕೆಲವರಿಗೆ ಮಾತ್ರ "ಸರಿಯಾಗಿ ಹಿಡಿದಿರಿ" ಅಂತ ಸುಳ್ಳು ಹೇಳಿದರು. ಅವರ ಮಾತೇ ಬದಲಾಯಿತು. ಆಗಲೇ ನನಗೆ ಖಾತ್ರಿ ಇತ್ತು, ಮುಖ ಚೆನ್ನಾಗಿ ಕಂಡಿತ್ತು, ಗಮನ ಕೊಟ್ಟು ನೋಡಿದ್ದೆ ಅಂದರು. ಬೇಕಂತ ಸುಳ್ಳು ಹೇಳಿದ್ದಲ್ಲ, ಅವರ ನೆನಪೇ ಹಾಗೆ ತಿದ್ದಿಹೋಗಿತ್ತು.

ಮಂಡಕ್ಕಿಯವರ "ಮೈ ಜುಮ್"ಗೂ ಒಂದು ಕಥೆ ಇದೆ. 1984, ಅಮೆರಿಕದ ನಾರ್ತ್ ಕೆರೊಲಿನಾ. ಅತ್ಯಾಚಾರಕ್ಕೊಳಗಾದ ಒಬ್ಬ ವಿದ್ಯಾರ್ಥಿನಿ, ಇವನನ್ನು ಜೈಲಿಗೆ ಹಾಕಿಸಲೇಬೇಕು ಅಂತ ಆ ಹೊತ್ತಿನಲ್ಲೇ ಹಟ ಹಿಡಿದು ಅವನ ಮುಖ ನೋಡಿಟ್ಟುಕೊಂಡಳು. ಮೊದಲು ಫೋಟೋದಲ್ಲಿ, ಆಮೇಲೆ ಸಾಲಿನಲ್ಲಿ ರೊನಾಲ್ಡ್ ಕಾಟನ್ ಎಂಬವನನ್ನು ತೋರಿಸಿದಳು. ಫೋಟೋದಲ್ಲಿ ಆರಿಸಿದ್ದೂ ಇವನನ್ನೇ ಅಂತ ಪೊಲೀಸರು ಹೇಳಿದ ಮೇಲೆ ಅನುಮಾನವೇ ಉಳಿಯಲಿಲ್ಲ. 1987ರಲ್ಲಿ ಎರಡನೇ ವಿಚಾರಣೆ ನಡೆದಾಗ ನಿಜವಾದ ಅಪರಾಧಿಯನ್ನೇ ಕೋರ್ಟಿಗೆ ತಂದು ನಿಲ್ಲಿಸಿದರು. "ಇವನನ್ನು ನಾನು ನೋಡೇ ಇಲ್ಲ" ಅಂದಳು. ಕಾಟನ್ ಹೊರಗೆ ಬಂದದ್ದು 1995ರಲ್ಲಿ, ಡಿಎನ್ಎ ಪರೀಕ್ಷೆಯಿಂದ. ಹತ್ತು ವರ್ಷದ ಮೇಲೆ. ಕ್ಲಾಸಿನಲ್ಲಿ ಇಲ್ಲಿಗೆ ಬಂದಾಗ ಪ್ರತಿ ವರ್ಷವೂ ಹಿಂದಿನ ಬೆಂಚು ಕೂಡ ಗಪ್‌ಚುಪ್.

ಹಾಗಂತ ಕಣ್ಣಾರೆ ಕಂಡ ಸಾಕ್ಷಿಯೆಲ್ಲ ಸುಳ್ಳು ಅಂತಲ್ಲ. ಯಾರೂ ಕಿವಿ ಊದದೆ ಇರುವಾಗ, ಮೊದಲ ಸಲ ಗುರುತಿಸುವಾಗ ಇರುವ ಖಾತ್ರಿಗೆ ಬೆಲೆ ಇದೆ. ನೀವು ಆ ಮೊದಲ ಸಲ ಅಂದದ್ದು "ಇರಬಹುದು". ಅದನ್ನು ಮರೆಯಬೇಡಿ. ಫೋಟೋ ಡಿಲೀಟ್ ಮಾಡಬೇಡಿ, ಮುಂದೆ ಬೇಕಾಗಬಹುದು. ತೆಗೆದು ನೋಡುವುದನ್ನು ಮಾತ್ರ ಇವತ್ತಿಗೇ ನಿಲ್ಲಿಸಿ.

ನಿವೃತ್ತ ಶಿರಸ್ತೇದಾರ, ರಾಯಚೂರು

ತಂಗೀ, ಕೋರ್ಟಿನಲ್ಲಿ ಫೈಲು ಹೊತ್ತು ಕೂದಲು ಬೆಳ್ಳಗಾದವನು ನಾನು. ಎರಡು ಮಾತು ಹೇಳುತ್ತೇನೆ.

ಪರೇಡ್ ನಡೆಸುವವರು ಪೊಲೀಸರಲ್ಲ, ಮ್ಯಾಜಿಸ್ಟ್ರೇಟರು. ಎಷ್ಟೋ ಸಲ ತಹಶೀಲ್ದಾರರೇ ಬರುತ್ತಾರೆ. ಆರೋಪಿಯನ್ನು ಅವನಂಥದೇ ಮೈಕಟ್ಟು, ವಯಸ್ಸಿನವರ ಜೊತೆ ಸಾಲಿನಲ್ಲಿ ನಿಲ್ಲಿಸುತ್ತಾರೆ. ನೀವು ತೋರಿಸುವಾಗ ಪೊಲೀಸರು ಅಲ್ಲಿರಬಾರದು. ಸಾಲು ನೋಡುವ ಮೊದಲೇ "ಸಾಹೇಬ್ರ, ನಾನು ಫೋಟೋ ನೋಡೀನಿ" ಅಂತ ಹೇಳಿ, ಬರೆದುಕೊಳ್ಳಲಿ. ಮುಚ್ಚಿಟ್ಟರೆ ನಾಳೆ ಕೋರ್ಟಿನ ಪಾಟೀ ಸವಾಲಿನಲ್ಲಿ ಎದುರಿನ ವಕೀಲರು ಅದನ್ನೇ ಹಿಡಿದು ಜಗ್ಗುತ್ತಾರೆ. ಮೊದಲೇ ಫೋಟೋ ಕಂಡಿದ್ದರೆ ಪರೇಡಿನ ತೂಕ ಹೇಗೂ ಕಡಿಮೆ.

"ಗೊತ್ತಾಗುತ್ತಿಲ್ಲ" ಅನ್ನುವುದೂ ಉತ್ತರವೇ. ಅದಕ್ಕೆ ಯಾರೂ ನಿಮ್ಮನ್ನು ಬೈಯುವಂತಿಲ್ಲ. ಹಿಂದೆ ಇದು ಸಾಕ್ಷ್ಯ ಕಾಯ್ದೆಯ 9ನೇ ಸೆಕ್ಷನ್‌ನಲ್ಲಿ ಬರುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 7ನೇ ಸೆಕ್ಷನ್ ಆಗಿದೆ. ನಂಬರು ಬದಲಾಯಿತು, ಹೂರಣ ಅದೇ. ಪರೇಡ್ ಬರೀ ಆಸರೆ, ಕೋರ್ಟಿನಲ್ಲಿ ನಿಂತು ಹೇಳುವುದೇ ಅಸಲು ಸಾಕ್ಷಿ.

ಆ ಗುಂಡಿಯ ವಿಷಯ ದೂರಿನಲ್ಲಿ ಬರೆಸಿದ್ದೀರಾ?

ಬ್ಲೌಸ್ ಅಂಗಡಿ, ಕೊಪ್ಪಳ

ಇಲ್ಲ ಅಣ್ಣಾರೆ. ಈಗ ಎಫ್ಐಆರ್ ಕಾಪಿ ತೆಗೆದು ಓದಿದೆ. ಸರ ಎಷ್ಟು ತೊಲೆ, ಗುಂಡು ಎಷ್ಟು, ಬೈಕಿನ ಬಣ್ಣ ಎಲ್ಲಾ ಇದೆ. ಗುಂಡಿ ಇಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ದಾರದ ಮಾತು ಹೇಳಿದರೆ ನಗ್ತಾರೆ ಅನ್ನಿಸಿತ್ತು.

ನಿವೃತ್ತ ಶಿರಸ್ತೇದಾರ, ರಾಯಚೂರು

ನಗಲಿ ಬಿಡಿ. ಪುರವಣಿ ಹೇಳಿಕೆ ಅಂತ ಕೊಡಬಹುದು. ನಾಳೆಯೇ ಹೋಗಿ ಬರೆಸಿ. ಆ ಶರ್ಟು ಸಿಕ್ಕರೆ ಅದು ಯಾರ ಮಾತಿಗೂ ಬದಲಾಗುವುದಿಲ್ಲ.

ಬ್ಲೌಸ್ ಅಂಗಡಿ, ಕೊಪ್ಪಳ

ಹೋಗುತ್ತೇನೆ. ಅಳತೆ ಚೀಟಿಯ ಹಿಂದೆ ಕಫ್ ಬರೆದು ನೋಡಿದೆ, ಹೊಲಿಗೆ ಎಲ್ಲಿ ಅಡ್ಡ ಬಂದಿದೆ ಅನ್ನುವುದೂ ಬಂತು. ಮುಖ ಬರೆಯೋಕೆ ಕೂತರೆ ಗ್ರೂಪಿನ ಫೋಟೋದವನ ಮೀಸೆಯೇ ಬರುತ್ತದೆ. ಪಕ್ಕದ ಮನೆ ಹುಡುಗ ಸೋಮವಾರ ಜೊತೆಗೆ ಬರ್ತೀನಿ ಅಂತಿದ್ದ. ಬೇಡಪ್ಪಾ, ನೀನು ಅಂಗಡಿ ನೋಡ್ಕೋ ಅಂದಿದ್ದೇನೆ.