ಲಸಿಕೆ ಫ್ರಿಜ್‌ಗಾಗಿ ಫೋರ್ ವೀಲ್ ಡ್ರೈವ್ ಗಾಡಿಗೆ ಎರಡನೇ ಬ್ಯಾಟರಿ ಮತ್ತು ಸೋಲಾರ್: ಮಲೆನಾಡಿನ ಮಳೆಗಾಲಕ್ಕೆ ಯಾವ ವ್ಯವಸ್ಥೆ ಸರಿ?

ಪ್ರಶ್ನೆ: ಪಶುವೈದ್ಯ, ಜೋಯಿಡಾ

ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನಲ್ಲಿ ಪಶುವೈದ್ಯನಾಗಿದ್ದೇನೆ. ಇಲ್ಲಿಯ ಊರುಗಳು ಕಾಡಿನ ನಡುವೆ ಚದುರಿಕೊಂಡಿದ್ದು, ಮಳೆಗಾಲದಲ್ಲಿ ಅನೇಕ ದಾರಿಗಳು ಕೆಸರಾಗುವುದರಿಂದ ಹಳೆಯ ಬೊಲೆರೊ ಕ್ಯಾಂಪರ್ ಫೋರ್ ವೀಲ್ ಡ್ರೈವ್ ಗಾಡಿಯನ್ನೇ ಬಳಸುತ್ತೇನೆ. ಕಾಲುಬಾಯಿ ಜ್ವರ ಮತ್ತು ಗಂಟಲುಬೇನೆಯ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಕಾಪಾಡಬೇಕು. ಅವು ಬಿಸಿಯಾಗಲೂಬಾರದು, ಹೆಪ್ಪುಗಟ್ಟಲೂಬಾರದು. ಇದುವರೆಗೆ ಐಸ್ ಪ್ಯಾಕ್ ಹಾಕಿದ ಥರ್ಮೋಕೋಲ್ ಪೆಟ್ಟಿಗೆಯನ್ನು ಒಯ್ಯುತ್ತಿದ್ದೆ. ಬೆಳಿಗ್ಗೆ ಹೊರಟವನು ರಾತ್ರಿ ಮರಳುವ ದಿನಗಳಲ್ಲಿ ಸಂಜೆಯ ಹೊತ್ತಿಗೆ ಅದರ ಮೇಲೆ ನನಗೆ ಭರವಸೆ ಉಳಿಯುವುದಿಲ್ಲ. ಲಸಿಕೆ ಹಾಕಿಯೂ ದನಕ್ಕೆ ರೋಗ ಬಂದರೆ ಆ ರೈತ ಮುಂದಿನ ವರ್ಷ ನನ್ನನ್ನು ಕರೆಯುವುದಿಲ್ಲ. ಕರೆಯದಿದ್ದರೆ ನಷ್ಟ ಅವನ ಹಟ್ಟಿಗೇ ಆಗುತ್ತದೆ.

ಈಗ 40 ಲೀಟರಿನ, 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಒಂದನ್ನು ತಂದಿದ್ದೇನೆ. ಅದನ್ನು ಗಾಡಿಯ ಮೂಲ ಬ್ಯಾಟರಿಗೆ ಜೋಡಿಸಿ, ಕಾಡಿನ ನಡುವೆ ಎಂಜಿನ್ ಸ್ಟಾರ್ಟ್ ಆಗದ ಸ್ಥಿತಿಯನ್ನು ತಂದುಕೊಳ್ಳಲು ನನಗೆ ಇಷ್ಟವಿಲ್ಲ. ಹಿಂಬದಿಯ ಸೀಟಿನ ಕೆಳಗೆ ಎರಡನೇ ಬ್ಯಾಟರಿ, ಮೇಲೆ ಸೋಲಾರ್ ಪ್ಯಾನೆಲ್ ಎಂಬುದು ನನ್ನ ಆಲೋಚನೆ. ನನ್ನ ಓಡಾಟ ದೀರ್ಘವಾದದ್ದಲ್ಲ: ಹತ್ತು ಹದಿನೈದು ಕಿಲೋಮೀಟರು ಓಡಿದರೆ ಒಂದೆರಡು ಗಂಟೆ ನಿಲ್ಲುತ್ತೇನೆ. ಸೋಲಾರ್ ಒಂದರಿಂದಲೇ ಫ್ರಿಜ್ ನಡೆಯುವುದೇ, ಎಷ್ಟು ವಾಟ್ ಬೇಕು, ಯಾವ ಬಗೆಯ ಬ್ಯಾಟರಿ ಸೂಕ್ತ, ಮತ್ತು ಮೂಲ ಬ್ಯಾಟರಿ ಕೈಕೊಟ್ಟಾಗ ಎರಡನೆಯದರಿಂದ ಎಂಜಿನ್ ಸ್ಟಾರ್ಟ್ ಮಾಡಬಹುದೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಆಟೊ ಎಲೆಕ್ಟ್ರಿಷಿಯನ್, ಹುಬ್ಬಳ್ಳಿ

ಡಾಕ್ಟರೇ, ಯಾವುದನ್ನೂ ಕೊಳ್ಳುವ ಮೊದಲು ಮಲ್ಟಿಮೀಟರಿನಿಂದ ಒಂದು ಪರೀಕ್ಷೆ ಮಾಡಿಕೊಳ್ಳಿ. ಎಂಜಿನ್ ಓಡುತ್ತಿರುವಾಗ ಮೂಲ ಬ್ಯಾಟರಿಯ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಸ್ಟಾರ್ಟ್ ಮಾಡಿದ ಕೂಡಲೇ ಒಮ್ಮೆ, ಅರ್ಧ ಗಂಟೆ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ. ಎರಡೂ ಸಲ 14 ವೋಲ್ಟಿನ ಆಸುಪಾಸಿನಲ್ಲೇ ಇದ್ದರೆ ಅದು ಹಳೆಯ ಬಗೆಯ, ಸ್ಥಿರ ವೋಲ್ಟೇಜಿನ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ, ಬ್ಯಾಟರಿಗೆ ಕರೆಂಟ್ ತುಂಬುವ ಜನರೇಟರ್). ಓಡುತ್ತಾ ಓಡುತ್ತಾ 12.5ರ ಹತ್ತಿರಕ್ಕೆ ಇಳಿದು, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಮತ್ತೆ 15ರ ಕಡೆಗೆ ಏರುತ್ತಿದ್ದರೆ ಅದು ಎಂಜಿನ್ನಿನ ಕಂಪ್ಯೂಟರ್ ನಿಯಂತ್ರಿಸುವ ಸ್ಮಾರ್ಟ್ ಆಲ್ಟರ್ನೇಟರ್. ಬಿಎಸ್-6 ಕಾಲದ ಅನೇಕ ಗಾಡಿಗಳಲ್ಲಿ ಇದೇ ಇರುತ್ತದೆ.

ಸ್ಥಿರ ವೋಲ್ಟೇಜ್ ಇದ್ದರೆ ಸರಳವಾದ ದಾರಿಯಿದೆ. ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ, ಅಂದರೆ ತಾನೇ ಆನ್-ಆಫ್ ಆಗುವ ಸ್ವಿಚ್ ಒಂದನ್ನು ಎರಡು ಬ್ಯಾಟರಿಗಳ ನಡುವೆ ಹಾಕಿದರೆ, ಮೂಲ ಬ್ಯಾಟರಿ ಸುಮಾರು 13.3 ವೋಲ್ಟ್ ಮುಟ್ಟಿದಾಗ ಅದು ಎರಡನ್ನೂ ಕೂಡಿಸುತ್ತದೆ, ಎಂಜಿನ್ ನಿಂತು 12.8ಕ್ಕೆ ಇಳಿದಾಗ ಬೇರ್ಪಡಿಸುತ್ತದೆ. ಇದರ ಜೊತೆಗೆ 100 ಆಂಪಿಯರ್-ಅವರ್‌ನ (ಆಂಪಿಯರ್‌ನಲ್ಲಿ ಕರೆಂಟು, ಅದನ್ನು ಗಂಟೆಯಿಂದ ಗುಣಿಸಿದ ಅಳತೆ) ಎಜಿಎಂ ಬ್ಯಾಟರಿ, ಅಂದರೆ ಆಸಿಡ್ ಚೆಲ್ಲದಂತೆ ಮುಚ್ಚಿದ ಸೀಸದ ಬ್ಯಾಟರಿ ಸಾಕು. ಆಸಿಡ್ ತುಂಬಿದ ಸಾಮಾನ್ಯ ಬ್ಯಾಟರಿಯನ್ನು ಮಾತ್ರ ಸೀಟಿನ ಕೆಳಗೆ ಇಡಬೇಡಿ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ, ಜನ ಕೂರುವ ಜಾಗಕ್ಕೆ ಅದು ತಕ್ಕದ್ದಲ್ಲ.

ನನ್ನ ಕಸುಬಿನ ಅನುಭವದಲ್ಲಿ ಇಂಥ ವ್ಯವಸ್ಥೆಗಳು ಕೆಡುವುದು ಬ್ಯಾಟರಿಯಿಂದಲ್ಲ, ವೈರಿನಿಂದ. ಬಾನೆಟ್ಟಿನಿಂದ ಹಿಂಬದಿ ಸೀಟಿನವರೆಗೆ ನಾಲ್ಕು ಮೀಟರು, ಮರಳಿ ನಾಲ್ಕು ಮೀಟರು ಎಂದು ಹಿಡಿಯಿರಿ. 38 ಆಂಪಿಯರ್ ಹರಿಯುವಾಗ 6 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ ಹತ್ತಿರ ಹತ್ತಿರ 1 ವೋಲ್ಟ್ ದಾರಿಯಲ್ಲೇ ಕರಗುತ್ತದೆ. 16 ಚದರ ಮಿಲಿಮೀಟರಿನದರಲ್ಲಿ ಮೂರನೇ ಒಂದು ವೋಲ್ಟಿನಷ್ಟು. ಆಲ್ಟರ್ನೇಟರ್ 14.2 ಕೊಟ್ಟರೂ ಬ್ಯಾಟರಿಗೆ 13.2 ಮುಟ್ಟಿದರೆ ಅದು ಎಂದಿಗೂ ಪೂರ್ತಿ ತುಂಬುವುದಿಲ್ಲ. ಆದ್ದರಿಂದ ರಿಲೇ ಹಾಕುವುದಾದರೆ 25 ಚದರ ಮಿಲಿಮೀಟರಿನ ವೈರನ್ನೇ ಕೇಳಿ ತನ್ನಿ, ಪೊಳ್ಳು ಅಳತೆಯ ಅಗ್ಗದ ವೈರಿಗೆ ಒಪ್ಪಬೇಡಿ. ಪ್ರತಿ ಬ್ಯಾಟರಿಯ ಪಾಸಿಟಿವ್ ತುದಿಯಿಂದ ಗೇಣಿನೊಳಗೆ ಒಂದು ಫ್ಯೂಸ್ ಇರಲೇಬೇಕು, ಅಂದರೆ ಒಂದೇ ವೈರಿಗೆ ಎರಡು ತುದಿಗಳಲ್ಲೂ ಫ್ಯೂಸ್. ಕೆಸರು ದಾರಿಯಲ್ಲಿ ಗಾಡಿ ಕುಲುಕಿ, ವೈರಿನ ಹೊದಿಕೆ ಲೋಹದ ಅಂಚಿಗೆ ಉಜ್ಜಿ ಚಾಸಿಸ್‌ಗೆ ತಗುಲಿದರೆ, ಫ್ಯೂಸ್ ಇಲ್ಲದ ಕಡೆಯ ಬ್ಯಾಟರಿ ಆ ವೈರನ್ನು ಸುಡುವವರೆಗೂ ಕರೆಂಟ್ ಕೊಡುತ್ತಲೇ ಇರುತ್ತದೆ.

ಉತ್ತರ: ಬ್ಯಾಟರಿ ಎಂಜಿನಿಯರ್, ಬೆಂಗಳೂರು

ವೈರು ಮತ್ತು ಫ್ಯೂಸಿನ ಬಗ್ಗೆ ಮೇಲೆ ಬರೆದವರ ಮಾತು ಪೂರ್ತಿ ಸರಿ. ಆದರೆ ರಿಲೇ ಮತ್ತು ಎಜಿಎಂ ಜೋಡಿ ಡಾಕ್ಟರರ ಓಡಾಟದ ಕ್ರಮಕ್ಕೆ ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಲೆಕ್ಕ ಕೊಡುತ್ತೇನೆ.

ಇಂಥ ಫ್ರಿಜ್ಜಿನ ಕಂಪ್ರೆಸರ್ ಓಡುವಾಗ ಸುಮಾರು 50 ವಾಟ್ ಎಳೆಯುತ್ತದೆ. ದಿನದ 24 ಗಂಟೆಯಲ್ಲಿ ಶೇಕಡಾ 40ರಷ್ಟು ಹೊತ್ತು ಓಡಿತೆಂದರೆ 480 ವಾಟ್-ಅವರ್, ಅಂದರೆ ಸುಮಾರು 38 ಆಂಪಿಯರ್-ಅವರ್. ಮೇಲಿಂದ ಮೇಲೆ ಮುಚ್ಚಳ ತೆಗೆಯುವುದು, ಒಂದು ದೀಪ, ಮೊಬೈಲ್ ಚಾರ್ಜು ಎಲ್ಲ ಸೇರಿಸಿ 45 ಎಂದು ಇಟ್ಟುಕೊಳ್ಳೋಣ. ಎಜಿಎಂ ಬ್ಯಾಟರಿ ಬಹುಕಾಲ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಹೀಗಾಗಿ 100ರಲ್ಲಿ ಕೈಗೆ ಸಿಗುವುದು 50, ಒಂದೇ ದಿನದ ಬಾಳಿಕೆ. ಇನ್ನೂ ಮುಖ್ಯವಾದ ಸಂಗತಿ ಬೇರೆ ಇದೆ. ಸೀಸದ ಬ್ಯಾಟರಿ ಶೇಕಡಾ 80ರವರೆಗೆ ಬೇಗ ತುಂಬಿ, ಉಳಿದ ಪಾಲನ್ನು ಕುಡಿಯಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಅರ್ಧ ಗಂಟೆ ಓಡಿಸಿ ಎರಡು ಗಂಟೆ ನಿಲ್ಲಿಸುವ ಗಾಡಿಯಲ್ಲಿ ಆ ಕೊನೆಯ ಪಾಲು ತುಂಬುವ ಅವಕಾಶವೇ ಬರುವುದಿಲ್ಲ, ಮತ್ತು ಸದಾ ಅರೆಬರೆ ತುಂಬಿದ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಅದರ ಶಕ್ತಿ ದಿನೇ ದಿನೇ ಕುಗ್ಗುತ್ತದೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಅರ್ಧ ತುಂಬಿರುವುದರಿಂದ ಯಾವ ಹಾನಿಯೂ ಇಲ್ಲ. ಅದು ಹೆಚ್ಚುಕಡಿಮೆ ಕೊನೆಯವರೆಗೂ ಒಂದೇ ಕರೆಂಟನ್ನು ತೆಗೆದುಕೊಳ್ಳುತ್ತದೆ. 100 ಆಂಪಿಯರ್-ಅವರ್‌ನದರಲ್ಲಿ 80ನ್ನು ನಿಶ್ಚಿಂತೆಯಿಂದ ಬಳಸಬಹುದು. ತೂಕ ಸುಮಾರು 12 ಕಿಲೋ, ಅದೇ ಅಳತೆಯ ಸೀಸದ್ದು 28ರಿಂದ 30 ಕಿಲೋ. ಆದರೆ ಇದನ್ನು ರಿಲೇ ಮೂಲಕ ಆಲ್ಟರ್ನೇಟರಿಗೆ ನೇರವಾಗಿ ಕೂಡಿಸಬೇಡಿ. ಒಳಗಿನ ಪ್ರತಿರೋಧ ತೀರ ಕಡಿಮೆ ಇರುವುದರಿಂದ ಖಾಲಿ ಬ್ಯಾಟರಿ ಸಿಕ್ಕಷ್ಟೂ ಕರೆಂಟ್ ಎಳೆಯುತ್ತದೆ. ಐಡ್ಲಿಂಗಿನಲ್ಲಿ ಫ್ಯಾನು ನಿಧಾನವಾಗಿ ತಿರುಗುತ್ತಿರುವ ಆಲ್ಟರ್ನೇಟರ್ ಕಾದು ಸುಟ್ಟುಹೋಗುವ ಅಪಾಯವಿದೆ. ನಡುವೆ ಡಿಸಿ-ಡಿಸಿ ಚಾರ್ಜರ್ ಬೇಕು. ಅದು ಕರೆಂಟಿಗೆ ಮಿತಿ ಹಾಕುತ್ತದೆ, ಒಳಬರುವ ವೋಲ್ಟೇಜ್ ಕಡಿಮೆ ಇದ್ದರೂ ಏರಿಸಿ ಬ್ಯಾಟರಿಗೆ ಬೇಕಾದ 14.2ರಿಂದ 14.4 ವೋಲ್ಟನ್ನು ಕೊಡುತ್ತದೆ. 30 ಆಂಪಿಯರಿನ ಚಾರ್ಜರ್ ಆಲ್ಟರ್ನೇಟರಿನ ಕಡೆಯಿಂದ ಸುಮಾರು 38 ಆಂಪಿಯರ್ ಎಳೆಯುತ್ತದೆ. ನಿಮ್ಮ ಆಲ್ಟರ್ನೇಟರಿನ ಮೇಲೆ ಬರೆದಿರುವ ಸಾಮರ್ಥ್ಯ ಅದರ ಮೂರು ಪಟ್ಟಿನಷ್ಟು ಇಲ್ಲದಿದ್ದರೆ 20 ಆಂಪಿಯರಿನದನ್ನು ಆರಿಸಿ. 30ರದಾದರೆ ದಿನಕ್ಕೆ ಒಟ್ಟು ಒಂದೂವರೆ ಗಂಟೆ, 20ರದಾದರೆ ಎರಡೂಕಾಲು ಗಂಟೆ ಎಂಜಿನ್ ಓಡಿದರೆ ಫ್ರಿಜ್ಜಿನ ಆ ದಿನದ ಖರ್ಚು ಮರಳಿ ತುಂಬುತ್ತದೆ.

ಎಂಜಿನ್ ಸ್ಟಾರ್ಟ್ ಮಾಡುವ ಪ್ರಶ್ನೆಗೆ ಉತ್ತರ: ಈ ಬ್ಯಾಟರಿಯಿಂದ ಬೇಡ. ಡೀಸೆಲ್ ಎಂಜಿನ್ನಿನ ಸ್ಟಾರ್ಟರ್ ನೂರಾರು ಆಂಪಿಯರ್ ಕೇಳುತ್ತದೆ, ಬಿಡಿ ಲಿಥಿಯಂ ಬ್ಯಾಟರಿಗಳೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಸರ್ಕ್ಯೂಟ್) ಸಾಮಾನ್ಯವಾಗಿ 100ರ ಆಚೆಗೆ ಕರೆಂಟನ್ನು ಕಡಿದುಹಾಕುತ್ತದೆ. ಅದಕ್ಕಾಗಿ ಚಿಕ್ಕ ಜಂಪ್ ಸ್ಟಾರ್ಟರ್ ಒಂದನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಿ.

ಉತ್ತರ: ಕಾಫಿ ಬೆಳೆಗಾರ, ಮೂಡಿಗೆರೆ

ಸೋಲಾರ್ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ಅಷ್ಟನ್ನು ಹೇಳುತ್ತೇನೆ. ನಮ್ಮ ತೋಟದ ಜೀಪಿನಲ್ಲಿ ಸೋಲಾರ್ ಬಳಕೆಯಲ್ಲಿದೆ, ನಿಮ್ಮ ಊರಿನ ಮಳೆಯೂ ನಮ್ಮ ಊರಿನ ಮಳೆಯೂ ಒಂದೇ ಜಾತಿಯದು.

ಫೆಬ್ರವರಿ, ಮಾರ್ಚ್ ತಿಂಗಳಲ್ಲಿ 100 ವಾಟ್‌ನ ಪ್ಯಾನೆಲ್ ದಿನಕ್ಕೆ 350 ವಾಟ್-ಅವರ್ ಕೊಡುತ್ತದೆ ಎಂದು ನಂಬಬಹುದು. ಐದು ಗಂಟೆಯ ಪೂರ್ಣ ಬಿಸಿಲು, ಅದರಲ್ಲಿ ಕಾವು, ಧೂಳು, ಚಪ್ಪಟೆಯಾಗಿ ಮಲಗಿಸಿದ್ದು ಇವೆಲ್ಲದರ ನಷ್ಟ ಕಳೆದ ಲೆಕ್ಕ ಇದು. ಹಾಗಾಗಿ ಬೇಸಿಗೆಯಲ್ಲಿ 200 ವಾಟ್ ಇದ್ದರೆ ನಿಮ್ಮ ಫ್ರಿಜ್ ಎಂಜಿನ್ನಿನ ಹಂಗಿಲ್ಲದೆ ನಡೆಯುತ್ತದೆ. ಆಷಾಢದಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ದಟ್ಟ ಮೋಡದಡಿ ಪ್ಯಾನೆಲ್ ತನ್ನ ಶಕ್ತಿಯ ಹತ್ತನೇ ಒಂದು ಭಾಗದಿಂದ ಕಾಲುಭಾಗದವರೆಗೆ ಕೊಟ್ಟರೆ ಹೆಚ್ಚು; ಅದರ ಮೇಲೆ ಮರದ ನೆರಳೂ ಬಿದ್ದರೆ ಅದೂ ಇಲ್ಲ. ಇನ್ನೂರು ಬದಲು ನಾನೂರು ವಾಟ್ ಹಾಕಿದರೂ ಜುಲೈ ತಿಂಗಳನ್ನು ಗೆಲ್ಲಲಾಗದು. ಮಳೆಗಾಲದಲ್ಲಿ ನಿಮ್ಮನ್ನು ಕಾಯುವುದು ಡಿಸಿ-ಡಿಸಿ ಚಾರ್ಜರ್ ಮತ್ತು ಮನೆಯಲ್ಲಿ ಕರೆಂಟ್ ಇದ್ದಾಗ ಹಚ್ಚುವ 230 ವೋಲ್ಟಿನ ಚಾರ್ಜರ್, ಸೋಲಾರ್ ಅಲ್ಲ.

ಪ್ಯಾನೆಲನ್ನು ಮೇಲ್ಛಾವಣಿಗೆ ಕೂರಿಸುವುದಕ್ಕಿಂತ ಮಡಚುವ ಪ್ಯಾನೆಲ್ ನಿಮಗೆ ಒಳ್ಳೆಯದು ಎಂದು ನನಗೆ ಅನಿಸುತ್ತದೆ. ನೀವು ಹಳ್ಳಿಯಲ್ಲಿ ನಿಂತಾಗ ಗಾಡಿಯನ್ನು ಹಲಸಿನ ಮರದಡಿ ನಿಲ್ಲಿಸಿ, ಐದಾರು ಮೀಟರು ವೈರಿನ ತುದಿಯಲ್ಲಿ ಪ್ಯಾನೆಲನ್ನು ಅಂಗಳದ ಬಿಸಿಲಿಗೆ ಹಾಸಬಹುದು. ನೆರಳಿನಲ್ಲಿರುವ ಗಾಡಿಯೊಳಗೆ ಫ್ರಿಜ್ಜಿನ ಕೆಲಸವೂ ಕಡಿಮೆಯಾಗುತ್ತದೆ, ಇದು ಎರಡನೇ ಪ್ಯಾನೆಲ್ ಕೊಂಡಷ್ಟೇ ಲಾಭ. ಮೇಲ್ಛಾವಣಿಗೆ ಅಂಟಿಸುವ ತೆಳು ಪ್ಯಾನೆಲ್ಲುಗಳು ಅಡಿಯಲ್ಲಿ ಗಾಳಿಯಾಡದೆ ಕಾಯುತ್ತವೆ. ಕಾವು ಏರಿದಂತೆ ಇಳುವರಿ ಪ್ರತಿ ಡಿಗ್ರಿಗೆ ಶೇಕಡಾ 0.4ರಷ್ಟು ಇಳಿಯುವುದರಿಂದ, 65 ಡಿಗ್ರಿಗೆ ಕಾದ ಪ್ಯಾನೆಲ್ ತನ್ನ ಪಾಲಿನ ಆರನೇ ಒಂದು ಭಾಗವನ್ನು ಹಾಗೇ ಕಳೆದುಕೊಳ್ಳುತ್ತದೆ. ಎರಡು ಪ್ಯಾನೆಲ್ ಇದ್ದರೆ ಸರಣಿಯಲ್ಲಲ್ಲದೆ ಸಮಾನಾಂತರವಾಗಿ ಜೋಡಿಸಿ. ಒಂದಕ್ಕೆ ನೆರಳು ಬಿದ್ದರೂ ಇನ್ನೊಂದು ತನ್ನ ಕೆಲಸ ಮಾಡುತ್ತಿರುತ್ತದೆ. ಪ್ಯಾನೆಲ್ ಮತ್ತು ಬ್ಯಾಟರಿಯ ನಡುವಿನ ಚಾರ್ಜ್ ಕಂಟ್ರೋಲರ್ ಎಂಪಿಪಿಟಿಯದೇ (ಪ್ಯಾನೆಲ್ಲಿನಿಂದ ಆ ಹೊತ್ತಿಗೆ ಸಿಗುವ ಗರಿಷ್ಠ ಶಕ್ತಿಯನ್ನು ಹೊರತೆಗೆಯುವ ಬಗೆ) ಇರಲಿ, ಅದನ್ನು ಬ್ಯಾಟರಿಯ ಪಕ್ಕದಲ್ಲೇ ಇಡಿ. ಸೋಲಾರ್ ಮತ್ತು ಆಲ್ಟರ್ನೇಟರ್ ಎರಡನ್ನೂ ಸ್ವೀಕರಿಸುವ ಒಂದೇ ಪೆಟ್ಟಿಗೆಯ ಚಾರ್ಜರುಗಳೂ ಸಿಗುತ್ತವೆ, ಸೀಟಿನ ಕೆಳಗಿನ ಜಾಗಕ್ಕೆ ಅವು ಅನುಕೂಲ.

ಇನ್ನೊಂದು ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಂದ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿಯಾಗಿಯೇ ಎತ್ತಿಹಿಡಿದಿದೆ. ಬೇಕಾದಾಗ ತೆಗೆದಿಡುವ ಪ್ಯಾನೆಲ್ ಆದರೆ ಆ ಚಿಂತೆ ಕಡಿಮೆ. ಬ್ಯಾಟರಿಯ ವಿಷಯವನ್ನು ವಿಮಾ ಕಂಪನಿಗೆ ಬರೆದು ತಿಳಿಸಿಬಿಡಿ.

ಪ್ರಶ್ನೆ ಕೇಳಿದವರು: ಪಶುವೈದ್ಯ, ಜೋಯಿಡಾ

ಮೂವರಿಗೂ ಧನ್ಯವಾದಗಳು. ಮೀಟರು ಹಿಡಿದು ನೋಡಿದೆ: ಸ್ಟಾರ್ಟ್ ಆದಾಗ 14.1, ಅರ್ಧ ಗಂಟೆಯ ನಂತರವೂ 14.1. ಹೆಡ್‌ಲೈಟ್ ಹಚ್ಚಿದರೆ 13.9. ಲಿಥಿಯಂ ಬ್ಯಾಟರಿ, 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್, 100 ವಾಟ್‌ನ ಮಡಚುವ ಪ್ಯಾನೆಲ್ ಎಂದು ತೀರ್ಮಾನಿಸಿದ್ದೇನೆ. ಇನ್ನೆರಡು ಸಂದೇಹಗಳಿವೆ. ಫ್ರಿಜ್ಜಿನ ಜೊತೆ ಬಂದ ವೈರು ಸಿಗರೇಟ್ ಲೈಟರ್ ಸಾಕೆಟ್ಟಿನದು, ಅದು ಸಾಕೇ? ನೆಗೆಟಿವ್ ವೈರನ್ನು ಚಾಸಿಸ್‌ಗೆ ಹಾಕಬಹುದೇ, ಅಥವಾ ಮುಂದಿನ ಬ್ಯಾಟರಿಯವರೆಗೆ ಎಳೆಯಬೇಕೇ?

ಉತ್ತರ: ಆಟೊ ಎಲೆಕ್ಟ್ರಿಷಿಯನ್, ಹುಬ್ಬಳ್ಳಿ

ಬೆಂಗಳೂರಿನವರ ಲೆಕ್ಕ ನನಗೂ ಒಪ್ಪಿಗೆ. ನಿಂತು ನಿಂತು ಓಡುವ ಗಾಡಿಗೆ ಲಿಥಿಯಮ್ಮೇ ಸರಿ. ಡಿಸಿ-ಡಿಸಿ ಇರುವುದರಿಂದ ಈಗ 16 ಚದರ ಮಿಲಿಮೀಟರಿನ ವೈರು ಸಾಕು. 20 ಆಂಪಿಯರಿನ ಚಾರ್ಜರ್ ಆಲ್ಟರ್ನೇಟರಿನ ಕಡೆಯಿಂದ ಸುಮಾರು 25 ಎಳೆಯುವುದರಿಂದ ಎರಡೂ ತುದಿಗೆ 40 ಆಂಪಿಯರಿನ ಫ್ಯೂಸ್ ಹಾಕಿ.

ಲೈಟರ್ ಸಾಕೆಟ್ ಬೇಡವೇ ಬೇಡ. ಕುಲುಕುವ ದಾರಿಯಲ್ಲಿ ಅದರ ಪಿನ್ ಸಡಿಲಾಗುತ್ತದೆ, ಒಳಗಿನ ವೈರೂ ತೆಳು. ಫ್ರಿಜ್ಜಿನಲ್ಲಿ ಬ್ಯಾಟರಿ ಕಾಪಾಡಲೆಂದು ಕಡಿಮೆ ವೋಲ್ಟೇಜಿಗೆ ತಾನೇ ನಿಲ್ಲುವ ವ್ಯವಸ್ಥೆಯಿದೆ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ವೈರಿನಲ್ಲಿ ವೋಲ್ಟೇಜ್ ಕುಸಿದರೆ ಬ್ಯಾಟರಿ ತುಂಬಿದ್ದರೂ ಫ್ರಿಜ್ ನಿಂತುಬಿಡುತ್ತದೆ, ನೀವು ಗೋಠಾಣದಲ್ಲಿರುವಾಗ ಅದು ನಿಮಗೆ ತಿಳಿಯುವುದೂ ಇಲ್ಲ. ಎರಡನೇ ಬ್ಯಾಟರಿಯಿಂದ 6 ಚದರ ಮಿಲಿಮೀಟರಿನ ಪ್ರತ್ಯೇಕ ವೈರು, 15 ಆಂಪಿಯರಿನ ಫ್ಯೂಸ್, ತುದಿಗೆ 50 ಆಂಪಿಯರಿನ ಆಂಡರ್ಸನ್ ಬಗೆಯ ಕನೆಕ್ಟರ್ ಹಾಕಿಸಿ. ಫ್ರಿಜ್ಜಿನ ಕಟ್-ಆಫನ್ನು ಮಧ್ಯಮಕ್ಕೆ ಇಡಿ, ಒಳಗೆ ಲಸಿಕೆಯ ಪಕ್ಕದಲ್ಲೇ ತಾಪಮಾನ ದಾಖಲಿಸುವ ಚಿಕ್ಕ ಲಾಗರ್ ಒಂದು ಇರಲಿ.

ನೆಗೆಟಿವ್ ವೈರನ್ನು ಚಾಸಿಸ್‌ಗೆ ಹಾಕಬಹುದು, ಆದರೆ ನಿಮ್ಮ ಊರಿನ ಮಳೆಗೆ ಆ ಬೋಲ್ಟ್ ಬೇಗ ತುಕ್ಕು ಹಿಡಿಯುತ್ತದೆ. ಹೀಗಾಗಿ ನಿಮ್ಮ ಗಾಡಿಯಲ್ಲಿ ಮುಂದಿನ ಬ್ಯಾಟರಿಯವರೆಗೆ ಎಳೆಯುವುದೇ ಮೇಲು. ಮೂಲ ಬ್ಯಾಟರಿಯ ನೆಗೆಟಿವ್ ತುದಿಯ ಮೇಲೆ ಸೆನ್ಸರ್ ಇರುವ ಹೊಸ ಗಾಡಿಗಳಲ್ಲಿ ಮಾತ್ರ ಹಾಗೆ ಮಾಡಬಾರದು. ಅಲ್ಲಿ ಸೆನ್ಸರ್ ದಾಟಿದ ಮೇಲೆ ಬಾಡಿಯ ಅರ್ಥ್ ಬಿಂದುವಿಗೇ ಜೋಡಿಸಬೇಕು, ಇಲ್ಲದಿದ್ದರೆ ಹರಿದ ಕರೆಂಟ್ ಕಂಪ್ಯೂಟರಿನ ಲೆಕ್ಕಕ್ಕೆ ಸಿಗುವುದಿಲ್ಲ. ಬಾನೆಟ್ಟಿನ ಗೋಡೆ ದಾಟುವಲ್ಲಿ ರಬ್ಬರ್ ಗ್ರೋಮೆಟ್ ಇರಲಿ, ವೈರಿನ ತುದಿಯ ಲೋಹದ ಲಗ್ಗುಗಳನ್ನು ಹೈಡ್ರಾಲಿಕ್ ಕ್ರಿಂಪಿನಿಂದಲೇ ಒತ್ತಿಸಿ, ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿಸಿ. ಬ್ಯಾಟರಿಯನ್ನು ಬೆಲ್ಟಿನಿಂದ ಕಟ್ಟುವುದು ಸಾಲದು; ಕೆಳಗೆ ಕಬ್ಬಿಣದ ಟ್ರೇ ಮಾಡಿಸಿ ನೆಲಕ್ಕೆ ಬೋಲ್ಟ್ ಹಾಕಿಸಿ. ಕಂಟ್ರೋಲರಿಗೆ ಮೊದಲು ಬ್ಯಾಟರಿಯ ವೈರು, ಆಮೇಲೆ ಪ್ಯಾನೆಲ್ಲಿನದು. ಬಿಚ್ಚುವಾಗ ಮೊದಲು ಪ್ಯಾನೆಲ್.