ಲಕ್ವಾ ಆದ ಮೂರನೇ ದಿನ ಮೆದುಳಿಗೆ ಬಾವು: ಸ್ಟಿರಾಯ್ಡ್ ಯಾಕೆ ಕೊಡಲಿಲ್ಲ?

ಪ್ರಶ್ನೆ (ಮುಧೋಳದ ಸದಸ್ಯೆ):

ನಮಸ್ಕಾರ ಡಾಕ್ಟರ್. ನಮ್ಮ ಅಪ್ಪಗೆ 63 ವರ್ಷ, ಕಬ್ಬಿನ ಹೊಲ ನೋಡಿಕೊಂಡಿದ್ದರು. ಹೋದ ತಿಂಗಳು ಒಂದಿನ ಬೆಳಿಗ್ಗೆ ಆರಕ್ಕೆ ಚಹಾ ಕುಡಿಯುವಾಗ ಬಲಗೈಯಿಂದ ಬಸಿ ಜಾರಿ ಬಿತ್ತು. ಬಾಯಿ ಸೊಟ್ಟಗಾಯಿತು, ಮಾತು ತೊದಲಿತು. ಮೊದಲು ತೋರಿಸಿದ ಕಡೆ "ವೀಕ್‌ನೆಸ್" ಅಂದು ಸಲೈನ್ ಹಚ್ಚಿ ನಾಲ್ಕು ತಾಸು ಮಲಗಿಸಿಕೊಂಡರು. ಬಾಗಲಕೋಟೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಹೊತ್ತು ಮೀರಿದೆ ಅಂದರು.

ಎರಡನೇ ದಿನ ನಮ್ಮನ್ನು ಗುರುತು ಹಿಡಿದರು. ಮೂರನೇ ದಿನ ಮಂಪರು ಹತ್ತಿತು, ಕರೆದರೆ ಕಣ್ಣೂ ಬಿಡುತ್ತಿರಲಿಲ್ಲ. ಮತ್ತೆ ಸ್ಕ್ಯಾನ್ ಮಾಡಿ "ಮೆದುಳಿಗೆ ಬಾವು ಬಂದಿದೆ" ಅಂದರು. ದೇವರು ದೊಡ್ಡವನು, ವಾರದಲ್ಲಿ ಎಚ್ಚರಾದರು. ಈಗ ಮನೆಯಲ್ಲಿದ್ದಾರೆ, ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ.

ನನ್ನ ಪ್ರಶ್ನೆ ಏನಂದರೆ, ಪೆಟ್ಟು ಬಿದ್ದದ್ದು ಮೊದಲನೇ ದಿನ, ಬಾವು ಬಂದದ್ದು ಮೂರನೇ ದಿನ. ಯಾಕೆ? ನಮ್ಮ ಕಾಕಾಗೆ ಮೆದುಳಲ್ಲಿ ಗಡ್ಡೆ ಆದಾಗ ಸ್ಟಿರಾಯ್ಡ್ ಕೊಟ್ಟರು, ಎರಡೇ ದಿನದಲ್ಲಿ ಎದ್ದು ಕೂತಿದ್ದರು. ಅಪ್ಪಗೆ ಯಾಕೆ ಕೊಡಲಿಲ್ಲ? ಮನೆಯಲ್ಲಿ ಇದೇ ಜಗಳ ನಡೆದಿದೆ. ಬೆಂಗಳೂರಲ್ಲಿರುವ ತಮ್ಮ ಬೇರೆ, "ಲಕ್ವಾದಲ್ಲಿ ಅಸಲಿ ವೈರಿ ಉರಿಯೂತ, ಅದಕ್ಕೆ ಔಷಧಿ ಬರ್ತಾ ಇದೆ" ಅನ್ನುತ್ತಾನೆ. ನಿಜಾನಾ?

ಉತ್ತರ (ನರರೋಗ ವೈದ್ಯರು, ಬೆಳಗಾವಿ):

ನೋಡಿ ತಂಗಿ, ಮೊದಲು ಜಗಳ ಬಗೆಹರಿಸೋಣ. ಸ್ಟಿರಾಯ್ಡ್ ಕೊಡದೇ ಇದ್ದದ್ದು ಸರಿ. ನಿಮ್ಮ ಕಾಕಾಗೆ ಕೊಟ್ಟದ್ದೂ ಸರಿ. ಎರಡಕ್ಕೂ ನಾವು ಬಾವು ಅಂತ ಒಂದೇ ಹೆಸರು ಹೇಳುತ್ತೇವೆ, ತೊಂದರೆ ಅಲ್ಲೇ ಶುರು.

ಗಡ್ಡೆಯ ಸುತ್ತ ಇರುವ ರಕ್ತನಾಳಗಳು ಸೋರುತ್ತವೆ. ಆ ನೀರು ಜೀವಕೋಶಗಳ ಹೊರಗೆ ನಿಲ್ಲುತ್ತದೆ. ಸ್ಟಿರಾಯ್ಡ್ ಆ ಸೋರಿಕೆ ಬಿಗಿ ಮಾಡುತ್ತದೆ, ಮನುಷ್ಯ ಎದ್ದು ಕೂರುತ್ತಾನೆ. ಹೆಪ್ಪುಗಟ್ಟಿ ಆಗುವ ಲಕ್ವಾದಲ್ಲಿ ಹಾಗಲ್ಲ. ರಕ್ತ ನಿಂತ ಕೂಡಲೇ ಕೋಶಕ್ಕೆ ಇಂಧನ ಇಲ್ಲ. ಉಪ್ಪನ್ನು ಹೊರಗೆ ಹಾಕುವ ಅದರ ಪಂಪು ನಿಲ್ಲುತ್ತದೆ. ಉಪ್ಪಿನ ಹಿಂದೆ ನೀರು ನುಗ್ಗಿ ಕೋಶವೇ ಉಬ್ಬುತ್ತದೆ. ಈ ಉಬ್ಬಿಗೆ ಸ್ಟಿರಾಯ್ಡ್ ಏನೂ ಮಾಡಲಾರದು. ಮೇಲಿಂದ ಶುಗರ್ ಏರಿಸುತ್ತದೆ, ಸೋಂಕಿಗೆ ದಾರಿ ಮಾಡುತ್ತದೆ.

ಇನ್ನು ಮೂರನೇ ದಿನದ ಮಾತು. ನಿಮ್ಮದು ಕಬ್ಬಿನ ಹೊಲ, ಹಾಗಾಗಿ ಕಾಲುವೆ ಲೆಕ್ಕದಲ್ಲೇ ಹೇಳುತ್ತೇನೆ. ಕಾಲುವೆಯಲ್ಲಿ ಕಸ ಸಿಕ್ಕಿ ನೀರು ನಿಂತಿತು ಅನ್ನಿ. ಕಾಲುವೆ ನೀರನ್ನೇ ನಂಬಿದ ಹೊಲ ಬೇಗ ಒಣಗುತ್ತದೆ. ಪಕ್ಕದವರ ಬಾವಿಯಿಂದ ಅಷ್ಟಿಷ್ಟು ನೀರು ಸಿಗುವ ಹೊಲ ಬಾಡುತ್ತದೆ, ಆದರೆ ಬೇರು ಇನ್ನೂ ಹಸಿ ಇರುತ್ತದೆ. ಮೆದುಳಲ್ಲೂ ಸತ್ತ ಭಾಗದ ಸುತ್ತ ಇಂಥ ಬಾಡಿದ ಭಾಗ ಇರುತ್ತದೆ. ನಮ್ಮ ಓಡಾಟವೆಲ್ಲ ಅದನ್ನು ಉಳಿಸಲಿಕ್ಕೆ. ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂದು 2006ರಲ್ಲೇ ಲೆಕ್ಕ ಹಾಕಿದ್ದಾರೆ. ಸಲೈನ್ ಹಚ್ಚಿ ಕಳೆದ ಆ ನಾಲ್ಕು ತಾಸಿನ ಬಗ್ಗೆ ನಾನು ಇನ್ನೇನೂ ಹೇಳಬೇಕಾಗಿಲ್ಲ.

ಸತ್ತ ಕೋಶಗಳು ಒಡೆದಾಗ ಒಳಗಿರಬೇಕಾದ ವಸ್ತು ಹೊರಗೆ ಚೆಲ್ಲುತ್ತದೆ. ಮೆದುಳಿಗೆ ತನ್ನದೇ ಕಾವಲು ಕೋಶಗಳಿವೆ, ಮೈಕ್ರೋಗ್ಲಿಯಾ ಅಂತ. ಚೆಲ್ಲಿದ್ದು ಕಂಡ ಕೂಡಲೇ ಅವು ಎದ್ದು ಕೂಗು ಹಾಕುತ್ತವೆ. ಆ ಕೂಗು ಅಂದರೆ ಇಂಟರ್‌ಲ್ಯೂಕಿನ್-1, ಟಿಎನ್‌ಎಫ್ ಎಂಬ ರಾಸಾಯನಿಕಗಳು. ಕೂಗು ಕೇಳಿ ರಕ್ತನಾಳದ ಒಳಗೋಡೆ ಅಂಟಂಟಾಗುತ್ತದೆ, ಓಡುತ್ತಿದ್ದ ಬಿಳಿ ರಕ್ತಕಣಗಳು ಅಲ್ಲಿ ಸಿಕ್ಕಿಕೊಂಡು ಒಳಗೆ ನುಸುಳುತ್ತವೆ. ನಿಮ್ಮ ತಮ್ಮ ಹೇಳಿದ ಉರಿಯೂತ ಅಂದರೆ ಇದೇ. ಇದು ಕೆಲವೇ ತಾಸಿನಲ್ಲಿ ಶುರುವಾಗಿ ಒಂದರಿಂದ ಮೂರು ದಿನದಲ್ಲಿ ಜೋರಾಗುತ್ತದೆ. ಅವು ಬಿಡುವ ಕಿಣ್ವಗಳು ರಕ್ತನಾಳದ ಬಿಗಿ ಹೆಣಿಗೆಯನ್ನೇ ಕತ್ತರಿಸುತ್ತವೆ. ಆಗ ರಕ್ತದ ನೀರೂ ಒಳಗೆ ಇಳಿಯುತ್ತದೆ. ಮೊದಲ ದಿನದ ಉಬ್ಬಿಗೆ ಇದೂ ಸೇರಿತು. ಅದಕ್ಕೇ ಬಾವು ಎರಡರಿಂದ ಐದನೇ ದಿನದ ನಡುವೆ ಹೆಚ್ಚು.

ಕಾಲು ಬಾತರೆ ಚಪ್ಪಲಿ ಬಿಟ್ಟು ನಡೆಯಬಹುದು. ತಲೆಬುರುಡೆ ಬಿಡಲಿಕ್ಕೆ ಬರುವುದಿಲ್ಲ. ಒಳಗೆ ಒತ್ತಡ ಏರುತ್ತದೆ, ಮಂಪರು ಬರುತ್ತದೆ. ಮ್ಯಾನಿಟಾಲ್ ಅಂತ ಬಾಟಲಿ ಹಚ್ಚಿದ್ದರೆ ಅದು ನೀರು ಎಳೆಯಲಿಕ್ಕೆ. ಬಾವು ತೀರಾ ಜಾಸ್ತಿಯಾದರೆ ಬುರುಡೆಯ ಒಂದು ಭಾಗವನ್ನೇ ತೆಗೆದು ಜಾಗ ಮಾಡುತ್ತೇವೆ. ನಿಮ್ಮ ಅಪ್ಪಗೆ ಅಲ್ಲಿಯವರೆಗೆ ಹೋಗಲಿಲ್ಲ, ಅದು ಪುಣ್ಯ.

ನಿಮ್ಮ ತಮ್ಮ ಓದಿದ್ದು ಸುಳ್ಳಲ್ಲ, ಅರ್ಧ ಓದಿದ್ದಾನೆ ಅಷ್ಟೆ. ಬಿಳಿ ಕಣ ಒಳಗೆ ಬರದಂತೆ ತಡೆದರೆ ಮೆದುಳು ಉಳಿಯುತ್ತದೆ ಎಂದು ಇಲಿಗಳಲ್ಲಿ ಕಂಡಿತ್ತು. ಅದನ್ನೇ ನಂಬಿ ಎನ್ಲಿಮೊಮ್ಯಾಬ್ ಎಂಬ ಔಷಧಿಯನ್ನು 625 ರೋಗಿಗಳಲ್ಲಿ ಪರೀಕ್ಷೆ ಮಾಡಿದರು, ಫಲಿತಾಂಶ 2001ರಲ್ಲಿ ಬಂತು. ಔಷಧಿ ಪಡೆದವರಲ್ಲಿ ಸತ್ತವರೇ ಹೆಚ್ಚು, ಜ್ವರ ಬಂದವರೂ ಹೆಚ್ಚು. ಆ ಔಷಧಿ ಇಲಿಯ ಪ್ರತಿಕಾಯದಿಂದ ಮಾಡಿದ್ದು, ಮನುಷ್ಯನ ಮೈ ಅದರ ಮೇಲೇ ತಿರುಗಿಬಿದ್ದಿರಬೇಕು. ಆಮೇಲೆ ನಟಾಲಿಜುಮ್ಯಾಬ್ ಬಂತು, ಅದೂ ಕೈ ಹಿಡಿಯಲಿಲ್ಲ. ಇಂಟರ್‌ಲ್ಯೂಕಿನ್-1 ಕೂಗನ್ನೇ ತಡೆಯುವ ಅನಾಕಿನ್ರಾ ಕೊಟ್ಟು ನೋಡಿದರು. ರಕ್ತದಲ್ಲಿ ಉರಿಯೂತದ ಗುರುತುಗಳು ಚೆನ್ನಾಗಿ ಇಳಿದವು. ರೋಗಿಯ ಕೈಕಾಲು ಮಾತ್ರ ಹಾಗೇ ಇದ್ದವು. ನನಗೆ ಇದು ಎಲ್ಲಕ್ಕಿಂತ ಹೆಚ್ಚು ಕಾಡಿದ ಫಲಿತಾಂಶ. ಲ್ಯಾಬ್ ರಿಪೋರ್ಟ್ ಸುಧಾರಿಸಿದ್ದಕ್ಕೂ ಮನುಷ್ಯ ಸುಧಾರಿಸಿದ್ದಕ್ಕೂ ಎಷ್ಟು ದೂರ ನೋಡಿ.

ಯಾಕೆ ಹೀಗೆ ಅಂದರೆ, ಗೋಡೆ ಒಡೆಯುವ ಈ ಗುಂಪೇ ಆಮೇಲೆ ಕಸ ಗುಡಿಸುವುದು. ಸತ್ತ ಕೋಶ ತಿಂದು ಹಾಕುವುದು, ಹೊಸ ರಕ್ತನಾಳ ಬೆಳೆಯಲು ಸೂಚನೆ ಕೊಡುವುದು, ಎಲ್ಲ ಅದೇ. ಇಲಿಗಳಲ್ಲಿ ಮೈಕ್ರೋಗ್ಲಿಯಾ ಪೂರ್ತಿ ತೆಗೆದು ಲಕ್ವಾ ಮಾಡಿಸಿದಾಗ ಗಾಯ ಸಣ್ಣದಾಗಲಿಲ್ಲ, ದೊಡ್ಡದಾಯಿತು. ಹಾಗಾಗಿ ಪೂರ್ತಿ ಬಾಯಿ ಮುಚ್ಚಿಸಿದರೆ ನಷ್ಟ ನಮ್ಮದೇ. ಯಾವ ದಿನ, ಎಷ್ಟು ದಿನ, ಯಾವ ಕೋಶವನ್ನು ತಡೆಯಬೇಕು ಅನ್ನುವುದರ ಮೇಲೆ ಈಗ ಕೆಲಸ ನಡೆದಿದೆ. ಇನ್ನೊಂದು ಮಾತು. ಲ್ಯಾಬಿನ ಇಲಿ ಎಳೆಯದು, ಬಿಪಿ ಇಲ್ಲ, ಶುಗರ್ ಇಲ್ಲ, ತಂಬಾಕು ತಿನ್ನುವುದಿಲ್ಲ. ರಕ್ತನಾಳ ಕಟ್ಟಿದ ನಿಮಿಷ ಸಹ ಗೊತ್ತಿರುತ್ತದೆ. ನನ್ನ ಹತ್ತಿರ ಬರುವವರಲ್ಲಿ ಅಂಥವರು ಯಾರೂ ಇಲ್ಲ!

ಮುಧೋಳದ ಸದಸ್ಯೆ:

ಸರ್, ಇದನ್ನೆಲ್ಲ ಮನೆಯಲ್ಲಿ ಓದಿ ಹೇಳಿದೆ. ಅಮ್ಮ ಸುಮ್ಮನಾದರು. ತಮ್ಮ ಸುಮ್ಮನಾಗಿಲ್ಲ. ಚೀನಾದಲ್ಲಿ ಲಕ್ವಾಗೂ ಸ್ಟಿರಾಯ್ಡ್ ಕೊಟ್ಟಿದ್ದಾರಂತೆ, ಅದನ್ನು ಕೇಳು ಅಂತಾನೆ.

ವೈದ್ಯರು:

ತಮ್ಮ ಜಾಣ. ಹೌದು, ಕೊಟ್ಟಿದ್ದಾರೆ, ಫಲಿತಾಂಶ 2024ರಲ್ಲಿ ಬಂತು. ಆದರೆ ಅದು ಎಲ್ಲ ಲಕ್ವಾದವರಿಗೂ ಅಲ್ಲ. ದೊಡ್ಡ ರಕ್ತನಾಳ ಕಟ್ಟಿ, ತಂತಿ ಹಾಕಿ ಹೆಪ್ಪು ಹೊರಗೆ ಎಳೆಸಿಕೊಂಡವರಿಗೆ ಮೂರು ದಿನ ಮಾತ್ರ ಮೀಥೈಲ್‌ಪ್ರೆಡ್ನಿಸೊಲೋನ್ ಕೊಟ್ಟರು. ಒಟ್ಟಾರೆ ಅಂಗವೈಕಲ್ಯದಲ್ಲಿ ಗಟ್ಟಿ ಫರಕು ಕಾಣಲಿಲ್ಲ. ಸಾವು ಮಾತ್ರ ಕಡಿಮೆ ಇತ್ತು. ಕಾಲುವೆ ತೆರೆದ ಮೇಲೆ ಒಮ್ಮೆಲೇ ನುಗ್ಗುವ ನೀರಿನಿಂದ ಆಗುವ ಹಾನಿಗೆ ಅದು ಉಪಯೋಗ ಆಗಬಹುದೇನೋ. ನಿಮ್ಮ ಅಪ್ಪನ ಕಾಲುವೆ ತೆರೆದಿರಲೇ ಇಲ್ಲ.

ರಾಯಬಾಗದ ಸದಸ್ಯರು:

ಡಾಕ್ಟರ್ ಸಾಹೇಬರೇ, ನಾವು ಅರಿಶಿನ ಬೆಳೆಯುವವರು. ಗಾಯಕ್ಕೆ, ಬಾವಿಗೆ ಮೊದಲಿಂದಲೂ ಅರಿಶಿನವೇ. ದಿನಾ ಹಾಲಿಗೆ ಹಾಕಿ ಕೊಟ್ಟರೆ ಮೆದುಳಿನ ಬಾವಿಗೂ ಆಗುತ್ತದಲ್ವಾ?

ವೈದ್ಯರು:

ಅರಿಶಿನದ ಕರ್ಕ್ಯುಮಿನ್ ಲ್ಯಾಬಿನ ಬಟ್ಟಲಲ್ಲಿ ಉರಿಯೂತ ಇಳಿಸುತ್ತದೆ, ನಿಜ. ಬಾಯಿಂದ ತೆಗೆದುಕೊಂಡರೆ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಅಡುಗೆಗೆ ಹಾಕಿ, ರುಚಿಗೆ ಹಾಲಿಗೂ ಹಾಕಿ. ಆದರೆ ಗುಳಿಗೆ ರೂಪದಲ್ಲಿ ಜಾಸ್ತಿ ಕೊಡಬೇಡಿ, ರಕ್ತ ತೆಳುವಾಗುವ ಮಾತ್ರೆ ನಡೆದಿದ್ದರಂತೂ ಬೇಡವೇ ಬೇಡ. ನಿಮ್ಮ ಬೆಳೆಗೆ ಒಳ್ಳೆ ರೇಟ್ ಸಿಗಲಿ.

ಅಥಣಿಯ ಸದಸ್ಯರು (ಔಷಧಿ ಅಂಗಡಿ):

ಸರ್, ನನ್ನ ಅಂಗಡಿಗೆ ದಿನಾ ಒಬ್ಬರಾದರೂ, ಲಕ್ವಾ ಆದ ಮೇಲೆ ಮೆದುಳು ಸುಧಾರಿಸಲಿ ಅಂತ ಬರೆಯುವ ಸಿಟಿಕೊಲಿನ್ ಔಷಧಿಯ ಚೀಟಿ ತರುತ್ತಾರೆ. ಕೆಲವರು ಸಾಲ ಮಾಡಿ ಮೂರು ತಿಂಗಳದ್ದು ಒಯ್ಯುತ್ತಾರೆ. ಇತ್ತೀಚೆಗೆ ಒಬ್ಬರು, ಸಿಆರ್‌ಪಿ (ರಕ್ತದಲ್ಲಿ ಉರಿಯೂತದ ಗುರುತು) ಜಾಸ್ತಿ ಬಂದಿದೆ, ಎರಡನೇ ಸಲ ಲಕ್ವಾ ಆಗದಂತೆ ಕೊಲ್ಚಿಸಿನ್ ಕೊಡಿ ಅಂದರು.

ವೈದ್ಯರು:

ಸಿಟಿಕೊಲಿನ್ ಅನ್ನು 2298 ರೋಗಿಗಳಲ್ಲಿ ನೋಡಿದ ದೊಡ್ಡ ಪರೀಕ್ಷೆ 2012ರಲ್ಲಿ ಬಂತು. ಲಾಭ ಕಾಣದೆ ನಡುವೆಯೇ ನಿಲ್ಲಿಸಿದರು. ಅಪಾಯವೂ ಇಲ್ಲ, ಹಾಗಾಗಿ ಚೀಟಿಯಿಂದ ಹೋಗಿಲ್ಲ. ಸಾಲ ಮಾಡಿ ಕೊಳ್ಳುವಂಥದ್ದಂತೂ ಅಲ್ಲ. ಆ ದುಡ್ಡು ಫಿಜಿಯೋಥೆರಪಿಗೆ ಹೋಗಲಿ. ಇದನ್ನು ಓದಿ ಕೆಲವು ಸಹೋದ್ಯೋಗಿಗಳು ನನ್ನ ಮೇಲೆ ಸಿಟ್ಟಾಗಬಹುದು, ಆಗಲಿ.

ಕೊಲ್ಚಿಸಿನ್ ಗೌಟ್‌ಗೆ ಕೊಡುವ ಹಳೇ ಮಾತ್ರೆ. ಹೃದಯದ ಕೆಲವು ರೋಗಿಗಳಿಗೆ ಉಪಯೋಗ ಆಗಿದೆ. ಲಕ್ವಾದವರಲ್ಲಿ ಮಾಡಿದ ಎರಡು ದೊಡ್ಡ ಪರೀಕ್ಷೆಗಳು 2024ರಲ್ಲಿ ಬಂದವು. ಎರಡರಲ್ಲೂ ಮತ್ತೆ ಲಕ್ವಾ ಆಗುವುದನ್ನು ಅದು ತಡೆಯಿತು ಎಂದು ಸಾಬೀತಾಗಲಿಲ್ಲ. ಚೀಟಿ ಇಲ್ಲದೆ ಕೊಡಬೇಡಿ. ಕಿಡ್ನಿ ತೊಂದರೆ ಇದ್ದವರಿಗೆ ಅದು ವಿಷವೇ ಆಗಬಹುದು. ಬಿಪಿ ಮಾತ್ರೆ ತಪ್ಪದೆ ಒಯ್ಯುತ್ತಿದ್ದಾರಾ ಅದನ್ನು ಕೇಳಿ ಅಣ್ಣಾ.

ವಿಜಯಪುರದ ಸದಸ್ಯೆ (ಸ್ಟಾಫ್ ನರ್ಸ್):

ಸರ್, ನಾನೊಂದು ಸೇರಿಸಲಾ? ವಾರ್ಡಿನಲ್ಲಿ ನಾವು ದಿನಾ ಜಗಳ ಆಡುವುದು ಗಂಜಿ ವಿಷಯಕ್ಕೆ. "ನಿನ್ನೆಯಿಂದ ಏನೂ ತಿಂದಿಲ್ಲ, ಜೀವ ತಡೆಯಲ್ಲ" ಅಂತ ನಾವು ಆ ಕಡೆ ಹೋದ ಕೂಡಲೇ ಮನೆಯವರು ಬಾಯಿಗೆ ಗಂಜಿ ಹಾಕಿಬಿಡುತ್ತಾರೆ.

ವೈದ್ಯರು:

ಸಿಸ್ಟರ್, ಒಳ್ಳೆ ಹೊತ್ತಿಗೆ ಬಂದಿರಿ. ಉರಿಯೂತದ ಔಷಧಿ ಬಗ್ಗೆ ಇಷ್ಟೊತ್ತು ಮಾತಾಡಿದೆವು. ಆದರೆ ಕೈಯಲ್ಲಿ ಈಗಲೇ ಇರುವ ಔಷಧಿ ನಿಮ್ಮ ಕೆಲಸವೇ.

ಲಕ್ವಾ ಆದ ಮೇಲೆ ಮೆದುಳಲ್ಲಿ ಉರಿಯೂತ ಏರುತ್ತದೆ, ಉಳಿದ ಮೈಯಲ್ಲಿ ರೋಗ ತಡೆಯುವ ಶಕ್ತಿ ಇಳಿಯುತ್ತದೆ. ವಿಚಿತ್ರ ಅನ್ನಿಸಬಹುದು, ಆದರೆ ಹೀಗೇ ಇದೆ. ಅಂಥ ಹೊತ್ತಲ್ಲಿ ನುಂಗಲು ಬಾರದವರ ಬಾಯಿಗೆ ಹಾಕಿದ ಗಂಜಿ ಪುಪ್ಪುಸಕ್ಕೆ ಹೋದರೆ ನ್ಯುಮೋನಿಯಾ. ನ್ಯುಮೋನಿಯಾ ಅಂದರೆ ಜ್ವರ. ಜ್ವರ ಆ ಬಾಡಿದ ಹೊಲಕ್ಕೆ ಬಿಸಿಲು ಹೊಡೆದ ಹಾಗೆ. ಮೊದಲೇ ಆ್ಯಂಟಿಬಯೋಟಿಕ್ ಕೊಟ್ಟುಬಿಡೋಣ ಅಂತ 2015ರಲ್ಲಿ ಎರಡು ಪರೀಕ್ಷೆ ಮಾಡಿ ನೋಡಿದರು, ರೋಗಿಗಳ ಸ್ಥಿತಿ ಸುಧಾರಿಸಲಿಲ್ಲ.

ಫಲ ಸಿಕ್ಕಿದ್ದು ಬೇರೆ ಕಡೆ. ಆಸ್ಟ್ರೇಲಿಯಾದ 19 ಸ್ಟ್ರೋಕ್ ಘಟಕಗಳಲ್ಲಿ ಮೊದಲ ಮೂರು ದಿನ ನರ್ಸ್‌ಗಳು ಮೂರೇ ವಿಷಯ ಕಟ್ಟುನಿಟ್ಟಾಗಿ ನೋಡಿದರು: ಜ್ವರ, ಶುಗರ್, ನುಂಗುವುದು. 2011ರಲ್ಲಿ ಫಲಿತಾಂಶ ಬಂತು. ಮೂರು ತಿಂಗಳ ನಂತರ ಸತ್ತವರು ಅಥವಾ ಬೇರೆಯವರ ಆಸರೆಯಲ್ಲೇ ಉಳಿದವರು ಎಂದಿನ ಆರೈಕೆಯಲ್ಲಿ 58 ಶೇಕಡಾ ಇದ್ದರೆ, ಹೀಗೆ ನೋಡಿಕೊಂಡವರಲ್ಲಿ 42 ಶೇಕಡಾ. ಕೋಟಿಗಟ್ಟಲೆ ಸುರಿದ ಇಂಜೆಕ್ಷನ್‌ಗಳಿಂದ ಆಗದ್ದು ಥರ್ಮಾಮೀಟರು, ಪ್ಯಾರಾಸಿಟಮಾಲು, ಒಂದು ಚಮಚ ನೀರು ಕುಡಿಸಿ ನೋಡುವ ತಾಳ್ಮೆಯಿಂದ ಆಯಿತು. ಮೂಗಿಗೆ ಪೈಪು ಹಾಕಿದರೆ "ಕೊನೆಗಾಲ ಬಂತು" ಅಂತ ಅಳುವವರು ಇದನ್ನು ಓದಬೇಕು. ಆ ಪೈಪಿನಿಂದಲೇ ಗಂಜಿ ಹೋಗುತ್ತದೆ.

ಮುಧೋಳದ ಸದಸ್ಯೆ:

ಅಪ್ಪಗೂ ಪೈಪು ಹಾಕಿದ್ದರು ಸರ್, ನಾವೇ ತೆಗೆಸಿ ಅಂತ ಗಲಾಟೆ ಮಾಡಿದ್ದೆವು. ಸಿಸ್ಟರ್ ಕೇಳಲಿಲ್ಲ, ಒಳ್ಳೆಯದಾಯಿತು. ಕೊನೇ ಪ್ರಶ್ನೆ. ಈಗ ಐದು ವಾರ ಆಯಿತು. ಒಳಗೆ ಬಾವು ಇನ್ನೂ ಇರುತ್ತದಾ? ಎಡಗೈಯಲ್ಲೇ ಚಹಾ ಕುಡಿಯುತ್ತಾರೆ, ಬಲಗೈ ಮುಟ್ಟಲಿಕ್ಕೇ ಬಿಡಲ್ಲ.

ವೈದ್ಯರು:

ಒತ್ತುವಂಥ ಬಾವು ಇಳಿದಿರುತ್ತದೆ. ಒಳಗೆ ಕಸ ಗುಡಿಸುವ ಕೆಲಸ ಇನ್ನೂ ನಡೆದಿರುತ್ತದೆ, ಅದು ವಾರಗಟ್ಟಲೆ ನಡೆಯುತ್ತದೆ, ನಡೆಯಲಿ. ಪಕ್ಕದ ನರಕೋಶಗಳು ಹೊಸ ದಾರಿ ಹುಡುಕುವ ಕಾಲವೂ ಇದೇ, ಆದರೆ ಬಳಸದ ಕೈಗೆ ಅವು ದಾರಿ ಮಾಡುವುದಿಲ್ಲ. ಎಡಗೈಯನ್ನು ಸ್ವಲ್ಪ ಹೊತ್ತು ಸೆರಗಿನಂಥ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಪಕ್ಕದಲ್ಲಿ ಕೂತು, ಬಲಗೈಗೆ ಖಾಲಿ ಸ್ಟೀಲ್ ಲೋಟ ಕೊಡಿ. ಎಷ್ಟು ಹೊತ್ತು ಅಂತ ಫಿಜಿಯೋದವರನ್ನು ಕೇಳಿಕೊಳ್ಳಿ. ಚಹಾ ಆಮೇಲೆ. ಮೊದಲು ಎರಡು ಬೆರಳು ನೀರು ಹಾಕಿ ನೋಡಿ, ಚೆಲ್ಲಿದರೆ ಬೈಯಬೇಡಿ.